ಎಡಗಾಲಿನ ಚಪ್ಪಲಿ

ಕಾಮಾಕ್ಷಿಪಾಳ್ಯದ ಚಿಕ್ಕಲಕ್ಷ್ಮಮ್ಮನವರ ಮೇಲೆ ನನಗೆ ಇವತ್ತಿಗೂ ಒಂದು ಸಿಟ್ಟಿದೆ. ಏಳೆಂಟು ಜನ ನಿಂತು ನೋಡುತ್ತಿರುವಾಗ ಅವರು ನನ್ನ ಕಾಲಿನ ಚಪ್ಪಲಿ ಬಿಡಿಸಿದರು. ಬಿಡಿಸಿ ಸುಮ್ಮನಾಗಲಿಲ್ಲ. ಅದನ್ನು ಕೈಗೆ ತಗೊಂಡು, ಮಗುಚಿ, ಬೆಳಕಿಗೆ ಹಿಡಿದು, "ಅಯ್ಯೋ ಪಾಪ, ಆ ಗಾಡಿ" ಎಂದರು. ಎಲ್ಲರೂ ನಕ್ಕರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಮೊದಲು ಕಿವಿಗೆ ಬೀಳುವುದು ಆ ನಗು. ಅವರು ಮಾಡಿದ ಉಪಕಾರ ಅದರ ಹಿಂದೆ ನಿಧಾನವಾಗಿ ಬರುತ್ತದೆ. ನನ್ನ ಬುದ್ಧಿಯೇ ಹಾಗೆ. ಏಳನೇ ಕ್ಲಾಸಿನಲ್ಲಿ ಮೇಷ್ಟರ ಜೊತೆ ಜಗಳವಾಡಿ ಚೀಲ ಬಿಸಾಕಿ ಬಂದವನು ನಾನು. ಆ ಮೇಷ್ಟರ ಮೇಲಿನ ಸಿಟ್ಟೂ ಇನ್ನೂ ಇದೆ.

ನನ್ನ ಹೆಸರು ಭೈರೇಶ್. ಅತ್ತಿಗುಪ್ಪೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಮಗಳು ಕೀರ್ತನಾ ವಾರವೆಲ್ಲ ಬಸವೇಶ್ವರನಗರದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಭಾನುವಾರ ಬಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಓಡಿಸುತ್ತಾಳೆ. ಒಬ್ಬೊಬ್ಬರಾಗಿ ಓಡಿಸಿ, ಗಡಿಯಾರ ಹಿಡಿದು ಟೈಮ್ ಬರೆದುಕೊಳ್ಳುವ ರೇಸು ಅದು. ಅವಳದು ಹಳೆಯ ಡೀಸೆಲ್ ಕಾರು. ಅದರ ಪ್ರತಿಯೊಂದು ನಟ್ಟು ನಾನೇ ಬಿಗಿದದ್ದು.

ಅವಳ ಗೆಳೆಯರ ಗುಂಪಿನ ರೇವಂತ್ ಎಂಬ ಹುಡುಗ ಆ ಕಾರಿಗೆ ಲ್ಯಾಪ್‌ಟಾಪ್ ಚುಚ್ಚಿ ಇಂಜಿನ್ನು ಜೋರು ಮಾಡಿಕೊಟ್ಟ. "ಅಂಕಲ್, ಟಾರ್ಕ್ ಈಗ ಒಂದೂವರೆ ಪಟ್ಟು ಆಗಿದೆ. ಕ್ಲಚ್ ಒಂಚೂರು ನೋಡ್ಕೊಳಿ" ಅಂದ.

"ನಂಗೇ ಹೇಳ್ಕೊಡ್ತೀಯೇನೋ?" ಅಂದೆ.

ಅವನು ಹೇಳಿದ್ದು ಸರಿ ಇತ್ತು. ಇಂಜಿನ್ನಿನ ಬಲ ಚಕ್ರಕ್ಕೆ ಹೋಗಬೇಕಾದರೆ ಮಧ್ಯೆ ಒಂದು ತಟ್ಟೆ ಕಚ್ಚಿ ಹಿಡಿದಿರಬೇಕು. ಅದೇ ಕ್ಲಚ್ ಪ್ಲೇಟು. ಕಾರು ಹುಟ್ಟಿದಾಗ ಎಷ್ಟು ಬಲ ಇತ್ತೋ ಅಷ್ಟನ್ನು ಹಿಡಿಯಲೆಂದು ಮಾಡಿದ ತಟ್ಟೆ ಒಂದೂವರೆ ಪಟ್ಟನ್ನು ಹೇಗೆ ಹಿಡಿದೀತು? ಮೊದಲ ರೇಸಿನಲ್ಲಿ ಮೂರನೇ ತಿರುವು ದಾಟಿದ್ದೇ ತಡ, ಇಂಜಿನ್ನು ಕಿರುಚಿಕೊಂಡಿತು, ಕಾರು ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ನಾನು ನಿಂತಿದ್ದ ಬೇಲಿಯವರೆಗೂ ಬಂತು. ಹೊಸ ಪ್ಲೇಟು ಹಾಕಿದೆ, ಇಪ್ಪತ್ತು ದಿನಕ್ಕೆ ಅದೂ ಜಾರಿತು. ಇನ್ನೊಂದು ಹಾಕಿದೆ, ಎರಡನೇ ರೇಸಿನಲ್ಲಿ ಅದೂ ಹೋಯಿತು. ಹೊರದೇಶದಿಂದ ಗಟ್ಟಿ ಕ್ಲಚ್ ತರಿಸಿಕೊಡುವವನೊಬ್ಬನಿಗೆ ಫೋನು ಮಾಡಿದೆ. ಅವನು ಇಂಗ್ಲಿಷಿನಲ್ಲಿ ಪಾರ್ಟ್ ನಂಬರ್ ಕೇಳಿ, ಹುಡುಕಿ, ಈ ಮಾಡೆಲ್ಲಿಗೆ ಅಂಥದ್ದು ಯಾರೂ ಮಾಡುವುದೇ ಇಲ್ಲ ಎಂದ. ಅವನಿಗೂ ಬೈದು ಫೋನಿಟ್ಟೆ.

ಆ ಸಂಜೆ ಕೀರ್ತನಾ ಬಾನೆಟ್ಟಿಗೆ ಒರಗಿ ನಿಂತು ಹೇಳಿದಳು: "ಅಪ್ಪ, ಮುಂದಿನ ತಿಂಗಳು ಕೊನೇ ರೌಂಡು. ಈ ಸಲಾನೂ ಕ್ಲಚ್ ಜಾರಿದ್ರೆ ಗಾಡಿ ಬೇರೆ ಗ್ಯಾರೇಜಿಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡ."

 ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಗಿರಾಕಿಗಳು ಬಿಟ್ಟು ಹೋಗಿದ್ದಾರೆ, ಹೋಗ್ಲಿ ಅಂದಿದ್ದೇನೆ. ಹೆತ್ತ ಮಗಳ ಕಾರು ಇನ್ನೊಬ್ಬನ ಶೆಡ್ಡಿನಲ್ಲಿ ನಿಂತರೆ ನಾನು ಬೆಳಿಗ್ಗೆ ಎದ್ದು ಬಾಗಿಲು ತೆಗೆಯುವುದಾದರೂ ಯಾಕೆ?

ಪಕ್ಕದ ಲೇತ್ ಅಂಗಡಿಯ ಕಿಟ್ಟಿ ನನ್ನ ಮುಖ ನೋಡಿ, "ಗುರು, ಬಾಯಿ ಮುಚ್ಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋಗು. ಪ್ಲೇಟಿಗೆ ಲೈನಿಂಗ್ ಹೊಡಿಯೋ ಅಮ್ಮ ಒಬ್ರು ಅಲ್ಲಿದಾರೆ" ಅಂದ.

"ಅಮ್ಮನಾ? ಕ್ಲಚ್ಚಾ?"

"ಅದಕ್ಕೇ ಹೇಳಿದ್ದು, ಬಾಯಿ ಮುಚ್ಕೊಂಡು ಹೋಗು ಅಂತ."

ಗಲ್ಲಿಯ ಕೊನೆಯಲ್ಲಿ ಒಂದು ಶಟರಿನ ಅಂಗಡಿ. ಒಳಗೆ ಅರವತ್ತು ದಾಟಿದ ಹೆಂಗಸು ಮಣೆ ಮೇಲೆ ಕೂತು, ದಾರ ಕಟ್ಟಿದ ಕನ್ನಡಕ ಹಾಕಿಕೊಂಡು, ಕಚ್ಚಿ ಹಿಡಿಯುವ ಒರಟು ಪಟ್ಟಿಯನ್ನು, ಅಂದರೆ ಲೈನಿಂಗನ್ನು, ಪ್ಲೇಟಿನ ಸುತ್ತ ಕೂರಿಸಿ ರಿವೆಟ್ ಬಡಿಯುತ್ತಿದ್ದರು. ಟ್ಯಾಕ್ಸಿಯವರು, ಟೆಂಪೋದವರು ಸರದಿ ಕಾಯುತ್ತಿದ್ದರು. ನನ್ನ ಸರದಿ ಬಂದಾಗ ಸುಟ್ಟ ಪ್ಲೇಟು ಮುಂದಿಟ್ಟು, ಇಂಜಿನ್ನು ಜೋರು ಮಾಡಿಸಿದ್ದು, ಪ್ಲೇಟುಗಳು ಜಾರಿದ್ದು ಹೇಳಿದೆ. ಅವರು ಪ್ಲೇಟನ್ನು ಮೂಸಿದರು.

"ಯಾರಪ್ಪ ಓಡ್ಸೋದು?"

"ನಾನೇ" ಅಂದೆ. ರೇಸಿನ ಕಾರು, ಓಡಿಸುವವಳು ನನ್ನ ಮಗಳು ಅಂತ ಆ ಗಂಡಸರ ಮುಂದೆ ಹೇಳಿದರೆ ನಗುತ್ತಾರೆ ಅನ್ನಿಸಿತು.

"ಎಡಗಾಲು ಚಪ್ಪಲಿ ತೋರ್ಸು."

ನನಗೆ ನೆತ್ತಿಗೇರಿತು. "ಏನಮ್ಮ, ಚಪ್ಪಲಿ ತೋರ್ಸೋದಾ? ಯಾರಿಗೆ?"

"ನಂಗೇ ತೋರ್ಸಪ್ಪ. ಇನ್ಯಾರಿಗೆ ತೋರ್ಸಬೇಕು ಅಂತಿದೀಯಾ?"

ಅಲ್ಲಿಂದ ಶುರುವಾಯಿತು ನಗು. ಬಾಳೇಶ ಎಂಬ ಟ್ಯಾಕ್ಸಿಯವನು ನನ್ನ ಹೆಗಲು ಹಿಡಿದು, "ಬಿಡಿ ಅಣ್ಣ, ಇಲ್ಲಿ ನಾವೆಲ್ಲ ತೋರ್ಸಿದೀವಿ" ಅಂದ. ಬೇರೆ ದಾರಿ ಕಾಣದೆ ಚಪ್ಪಲಿ ಬಿಟ್ಟೆ. ಬೆರಳಿನ ಬುಡ ಊರುವ ಕಡೆ ಅಟ್ಟೆ ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಚಿಕ್ಕಲಕ್ಷ್ಮಮ್ಮ ಎಲ್ಲರಿಗೂ ತೋರಿಸಿದರು.

"ನೋಡ್ರಪ್ಪ, ಕ್ಲಚ್ ಪೆಡಲ್ ಮೇಲೆ ಮಲ್ಕೊಳೋ ಕಾಲು ಇದು. ಸಿಗ್ನಲ್ಲಲ್ಲಿ ಹಾಫ್ ಕ್ಲಚ್ಚು, ಉಬ್ಬಲ್ಲಿ ಹಾಫ್ ಕ್ಲಚ್ಚು, ಪ್ಲೇಟು ಉಜ್ಕೊಂಡು ಸುಡದೆ ಇನ್ನೇನಾಗುತ್ತೆ? ಇಂಜಿನ್ ಎಷ್ಟು ಜೋರು ಅಂತ ಎಲ್ರೂ ಹೇಳ್ತಾರೆ. ಕಾಲು ಎಷ್ಟು ಕೆಟ್ಟದು ಅಂತ ಒಬ್ಬನೂ ಹೇಳಲ್ಲ."

ಮೂರು ದಿನ ಬಿಟ್ಟು ಹೋದಾಗ ಪ್ಲೇಟಿನ ಜೊತೆಗೆ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಮುಚ್ಚಳವನ್ನೂ ಯಾವುದೋ ದೊಡ್ಡ ಗಾಡಿಯದು ತಂದು ಕೂಡಿಸಿ ಇಟ್ಟಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೆಣಸಿನಕಾಯಿ ಬರೆದಿತ್ತು.

"ಇದೇನಮ್ಮ?"

"ನಿನ್ ಹೆಸರು. ನಂಗೆ ಓದಕ್ಕೆ ಬರಲ್ಲ. ಯಾರ್ದು ಯಾವ್ದು ಅಂತ ಗೊತ್ತಾಗ್ಬೇಕಲ್ಲ." ಸುತ್ತ ನೋಡಿದೆ. ಗೋಡೆಗೆ ಒರಗಿಸಿದ ಒಂದೊಂದು ಪ್ಲೇಟಿನ ಮೇಲೂ ಒಂದೊಂದು ಚಿತ್ರ ಇತ್ತು. ಮೀಸೆ, ಬೀಡಿ, ಕುಂಬಳಕಾಯಿ. ಬಾಳೇಶನದು ಬಾಯಿ ತೆರೆದ ಕಾಗೆ.

ಕಾರಿಗೆ ಹಾಕಿದೆ. ಕೀರ್ತನಾ ಇಲ್ಲೇ ಊರಂಚಿನ ಉಲ್ಲಾಳದ ಕಡೆ ಒಂದು ರೌಂಡು ಹೋಗಿ ಬಂದವಳು ಇಳಿಯುವಾಗ ಬಾಗಿಲು ಹಿಡಿದುಕೊಂಡಳು. ಎಡಗಾಲು ನಡುಗುತ್ತಿತ್ತು. ಕ್ಲಚ್ ಜಾರುತ್ತಿರಲಿಲ್ಲ. ಆದರೆ ಪೆಡಲು ಕಲ್ಲಿನ ಹಾಗಿತ್ತು.

"ಸಿಗ್ನಲ್ಲಲ್ಲಿ ಎರಡು ಸಲ ಆಫ್ ಆಯ್ತು ಅಪ್ಪ. ಟ್ರ್ಯಾಕಲ್ಲಿ ಐವತ್ತು ಸಲ ಹೆಂಗೆ ಒತ್ಲಿ? ಇದು ಲಾರಿ ಮಾಡಿ ಕೊಟ್ಟಿದಾರೆ."

ರೇಸಿಗೆ ಹನ್ನೊಂದು ದಿನ ಇತ್ತು. ಮುಚ್ಚಳ, ಪ್ಲೇಟು ಎರಡನ್ನೂ ಬಿಚ್ಚಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋಗಿ ಅಂಗಡಿಯ ಬಾಗಿಲಲ್ಲೇ ಕೂಗಾಡಿದೆ. ಚಪ್ಪಲಿ ನೋಡಿ ಭವಿಷ್ಯ ಹೇಳುವವರು ಗಿಣಿ ಇಟ್ಟುಕೊಂಡು ರಸ್ತೆಯಲ್ಲಿ ಕೂರಬೇಕು ಎಂದೆ. ಟ್ರ್ಯಾಕಿನಲ್ಲಿ ಈ ಕಲ್ಲನ್ನು ಐವತ್ತು ಸಲ ಒತ್ತುವುದು ಹೇಗೆ ಎಂದೆ, ಇನ್ನೂ ಏನೇನೋ ಎಂದೆ. ಅವರು ಕೈಲಿದ್ದ ರಿವೆಟ್ ಪೂರ್ತಿ ಬಡಿದು, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿಕೊಂಡರು.

"ಓಡ್ಸೋದು ಯಾರು?"

ಕೈಲಿದ್ದ ಮುಚ್ಚಳ ಕೆಳಗಿಟ್ಟೆ.

"ಮಗಳು."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೆಣ್ ಹುಡುಗಿ ಓಡಿಸ್ತಾಳೆ ಅಂದ್ರೆ ಇವರೆಲ್ಲ ನಗ್ತಾರೆ ಅಂತ..."

"ಇವ್ರು ನಗ್ತಾರೆ ಅಂತ ನನ್ನತ್ರ ಸುಳ್ಳು ಹೇಳಿದ್ಯಾ? ನಾನೇನು ಇಲ್ಲಿ ಕೂತ್ಕೊಂಡು ರಂಗೋಲಿ ಬಿಡ್ತಾ ಇದೀನಾ?"

ಆ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಕಾಲು ಇಟ್ಕೊಂಡೇ ಇರೋನಿಗೆ ಗಟ್ಟಿ ಪೆಡಲ್ಲೇ ಔಷಧಿ. ನೋವಾದ್ರೆ ತಾನಾಗೇ ಕಾಲು ತೆಗೀತಾನೆ. ನಿನ್ ಕಾಲಿಗೆ ಮಾಡಿದ್ ಔಷಧೀನ ಆ ಮಗೀಗೆ ಕುಡ್ಸಿದೀಯ. ಹೋಗು, ಅವಳು ಓಡಿಸೋವಾಗ ಹಾಕೋ ಶೂ ತಗೊಂಬಾ."

ಅವತ್ತೇ ಮಧ್ಯಾಹ್ನ ಪ್ಲಾಸ್ಟಿಕ್ ಕವರಿನಲ್ಲಿ ಕೀರ್ತನಾಳ ಎಡಗಾಲಿನ ಶೂ ತಗೊಂಡು ಹೋದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಅಟ್ಟೆ ಎಲ್ಲ ಕಡೆಯೂ ಒಂದೇ ಸಮ ಸವೆದಿತ್ತು. "ಈ ಕಾಲು ಒತ್ತುತ್ತೆ, ಬಿಡುತ್ತೆ. ಕೂರಲ್ಲ" ಅಂದರು. "ಇದಕ್ಕೆ ಒತ್ತೋ ಬಲ ಜಾಸ್ತಿ ಬೇಡ, ಕಚ್ಚೋ ಬಲ ಬೇಕು." ಊಟದ ಹೊತ್ತು, ಬೇರೆ ಯಾರೂ ಇರಲಿಲ್ಲ. ಕೆಲಸ ಮಾಡುತ್ತಲೇ ತಮ್ಮ ಕತೆ ಹೇಳಿದರು.

ಅಂಗಡಿ ಗಂಡ ಚನ್ನಕೇಶವ ಅವರದು. ಇವರು ಉಲ್ಲಾಳದಿಂದ ಬಸ್ಸಿನಲ್ಲಿ ಬುತ್ತಿ ತರುತ್ತಿದ್ದರು. ಗಂಡ ಉಣ್ಣುವವರೆಗೂ ಹೊಸ್ತಿಲ ಹತ್ತಿರ ಕೂತಿರುವುದು ಅಭ್ಯಾಸ. ಆಗೆಲ್ಲ ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು, ಏಕೆಂದರೆ ಒಳಗೆ ದೇವರ ಪಟ ಇತ್ತು, ಮಿಷನ್ನಿಗೂ ದಿನಾ ಹೂವಿಡುತ್ತಿದ್ದರು. ಅದೇ ಕೈ, ಅದೇ ಲೈನಿಂಗು. ಆದರೂ ಒಬ್ಬನ ಪ್ಲೇಟು ಮೂರು ವರ್ಷ ಬಂದರೆ ಇನ್ನೊಬ್ಬನದು ಮೂರೇ ತಿಂಗಳು. ಬೇಗ ಸುಟ್ಟುಕೊಂಡು ಬಂದವರು ಒಳಗೆ ನಿಂತು ಚನ್ನಕೇಶವ ಅವರಿಗೆ ಬೈಯುತ್ತಿದ್ದರು. ಹೊರಗೆ ಕೂತ ಹೆಂಡತಿಗೆ ಬೈಗುಳ ಕೇಳಿಸುತ್ತಿತ್ತು, ಕಣ್ಣ ಮುಂದೆ ಚಪ್ಪಲಿಗಳು ಮಾತ್ರ ಇರುತ್ತಿದ್ದವು.

"ಜೋರಾಗಿ ಬೈಯೋನ್ದು ಎಡಗಾಲ್ ಚಪ್ಪಲಿ ಯಾವಾಗ್ಲೂ ಹಿಂಗೇ ಹೊಳೀತಿತ್ತು. ನಿಂದ್ ಥರ" ಅಂದರು. "ನಮ್ಮೆಜಮಾನ್ರಿಗೆ ಹೇಳ್ದೆ. ಮೊದ್ಲು ನಕ್ಕರು. ಆಮೇಲೆ ನನ್ನ ಕೇಳ್ದೆ ಒಂದು ಪ್ಲೇಟೂ ಮಾಡ್ಲಿಲ್ಲ."

ಲೈನಿಂಗಿನ ಧೂಳು ಕುಡಿದು ಕುಡಿದು ಗಂಡನ ಉಸಿರು ಕೆಟ್ಟಾಗ ಇವರೇ ಮಣೆ ಮೇಲೆ ಕೂತರು. ಸುತ್ತಿಗೆ ಹಿಡಿದ ಹೆಂಗಸನ್ನು ನೋಡಿ ಅರ್ಧ ಗಿರಾಕಿಗಳು ತಿರುಗಿ ಹೋದರು. "ಹೋದೋರೆಲ್ಲ ವಾಪಸ್ ಬಂದ್ರಾ?" ಅಂದೆ. "ಬರ್ದೆ ಇನ್ನೆಲ್ಲಿಗೆ ಹೋಗ್ತಾರೆ? ಕಾಲು ಅವ್ರ ಜೊತೇಲೇ ಹೋಗಿರುತ್ತಲ್ಲ" ಅಂದರು. ನೆಲದಲ್ಲಿ ರಿವೆಟ್ ಚೂರು ಚುಚ್ಚುತ್ತೆ ಅಂತ ಈಗ ಯಾರೂ ಚಪ್ಪಲಿ ಬಿಡುವುದಿಲ್ಲ. ಅದಕ್ಕೇ ಕೇಳಿ ಬಿಡಿಸಬೇಕಾಗುತ್ತದೆ. ನನಗೆ ಅವಮಾನ ಮಾಡಲು ಕೇಳಿದ್ದಲ್ಲ ಅಂತ ಅವತ್ತು ಗೊತ್ತಾಯಿತು. ಗೊತ್ತಾದರೂ ಸಿಟ್ಟು ಪೂರ್ತಿ ಹೋಗಲಿಲ್ಲ, ಅದು ಬೇರೆ ಮಾತು.

ನಾಲ್ಕನೇ ದಿನ ಪ್ಲೇಟು ಸಿದ್ಧವಾಯಿತು. ಒಂದು ಮುಖಕ್ಕೆ ಮಾಮೂಲಿ ಲೈನಿಂಗು, ಇನ್ನೊಂದು ಮುಖಕ್ಕೆ ತಾಮ್ರದ ಬಣ್ಣದ ಗಟ್ಟಿ ಬಿಲ್ಲೆಗಳು. ಸ್ಪ್ರಿಂಗಿನ ಮುಚ್ಚಳವನ್ನೂ ಬದಲಾಯಿಸಿದ್ದರು, ಕಾರಿನ ಜೊತೆ ಬಂದದ್ದಕ್ಕಿಂತ ಒಂದು ಕೂದಲು ಗಟ್ಟಿ, ಅಷ್ಟೇ. "ಹೊರಡೋವಾಗ ಒಂಚೂರು ನಡುಗುತ್ತೆ. ಅದಕ್ಕೂ ಬಂದು ಬೈಬೇಡ" ಅಂದರು. ಮುಚ್ಚಳದ ಮೇಲೆ ಮತ್ತೆ ಮೆಣಸಿನಕಾಯಿ ಬರೆದಿತ್ತು, ಈ ಸಲ ಸಣ್ಣದು.

"ಅವಳನ್ನ ನೀವು ನೋಡೇ ಇಲ್ವಲ್ಲಮ್ಮ?"

"ನಿನ್ನ ನೋಡಿದೀನಲ್ಲ."

ರೇಸಿನ ದಿನ ನಾನು ಬೇಲಿ ಹಿಡಿದು ನಿಂತಿದ್ದೆ. ಮೂರನೇ ತಿರುವು ಬಂದಾಗ ಕಣ್ಣು ಮುಚ್ಚಿಕೊಂಡೆ, ಕಿವಿ ಮಾತ್ರ ಬಿಟ್ಟುಕೊಂಡಿದ್ದೆ. ಇಂಜಿನ್ನು ಕಿರುಚಲಿಲ್ಲ, ಗುಡುಗಿಕೊಂಡು ಹೋಯಿತು. ಸುಟ್ಟ ವಾಸನೆ ಬರಲಿಲ್ಲ, ಬರೀ ಮಣ್ಣಿನ ವಾಸನೆ. ಕೀರ್ತನಾಗೆ ಬಂದದ್ದು ಎರಡನೇ ಸ್ಥಾನ. ಹೆಲ್ಮೆಟ್ ತೆಗೆದು ನನ್ನ ಹತ್ತಿರ ಬಂದವಳು ಸ್ಥಾನದ ಮಾತೇ ಎತ್ತಲಿಲ್ಲ. "ಅಪ್ಪ, ಜಾರ್ಲಿಲ್ಲ" ಅಂದಳು. ಬೇರೆ ಗ್ಯಾರೇಜಿನ ಸುದ್ದಿ ನಮ್ಮ ಮನೆಯಲ್ಲಿ ಅವತ್ತಿಗೆ ಮುಗಿಯಿತು. ಈ ಬದುಕಿನಲ್ಲಿ ನನಗೆ ಯಾರು ಯಾರು ಏನೇನು ಕೊಟ್ಟಿದ್ದಾರೆ ಅಂತ ಕೂತು ನೆನೆಸಿಕೊಂಡರೆ, ಆ ಅಮ್ಮ ಕೊಟ್ಟದ್ದಕ್ಕೆ ಸಮ ಬರುವುದು ಹೆಚ್ಚೇನೂ ಸಿಗುವುದಿಲ್ಲ.

ಮಾರನೇ ದಿನ ಹೋಗಿ ಕೈಮುಗಿದೆ. ಅವರೂ ಸ್ಥಾನ ಕೇಳಲಿಲ್ಲ. "ಕಾಲು ನೋವು ಅಂದ್ಲಾ?" ಅಂದರು. ಇಲ್ಲ ಅಂದೆ. ಆಗ ಸುತ್ತಿಗೆ ಕೆಳಗಿಟ್ಟು, ಸ್ವಲ್ಪ ನಾಚಿಕೊಂಡೇ ಹೇಳಿದರು:

"ಇಷ್ಟು ವರ್ಷ ಆಯ್ತು, ನಾನ್ ಮಾಡಿದ್ ಪ್ಲೇಟಿರೋ ಕಾರಲ್ಲಿ ನಾನು ಕೂತೇ ಇಲ್ಲ ಕಣಪ್ಪ. ಬರೋವಾಗ ಬಸ್ಸು, ಹೋಗೋವಾಗ ಬಸ್ಸು. ನಿನ್ ಮಗಳು ಒಂದ್ಸಲ ಉಲ್ಲಾಳದ್ ತಂಕ ಬಿಟ್ಬಂದ್ರೆ ಸಾಕು. ಅವಳೇ ಓಡಿಸ್ಬೇಕು, ನೀನಲ್ಲ. ನಿನ್ ಚಪ್ಪಲಿ ನೋಡಿದೀನಿ."

"ಈ ಶನಿವಾರಾನೇ ಬರ್ತೀವಮ್ಮ" ಅಂದೆ.

ಆ ಶನಿವಾರ ಅವರಿಗೇ ಮೂರು ಪ್ಲೇಟು ಬಾಕಿ ಇತ್ತು, ಮುಂದಿನ ವಾರ ಬಾ ಅಂದರು. ಮುಂದಿನ ವಾರ ಕೀರ್ತನಾಗೆ ಕ್ಲಿನಿಕ್ಕಿನಲ್ಲಿ ರಜೆ ಸಿಗಲಿಲ್ಲ. ಮೂರನೇ ಶನಿವಾರ ಇಬ್ಬರೂ ಹೊರಟೆವು. ಗಲ್ಲಿಯ ಬಾಯಲ್ಲೇ ಒಂದು ಟೆಂಪೋ ಅಡ್ಡ ನಿಂತಿತ್ತು. ಡ್ರೈವರು ಟೀ ಕುಡಿಯುತ್ತಾ, "ಐದ್ ನಿಮಿಷ ಸಾರ್" ಅಂದ. ನಾನು ಇಳಿದು ಹೋದೆ. ಮಾತಿಗೆ ಮಾತು ಬೆಳೆಯಿತು, ಕೊರಳಪಟ್ಟಿಗೆ ಕೈ ಹೋಯಿತು, ಜನ ಸೇರಿದರು. ಕೀರ್ತನಾ ಕಾರಿನಿಂದ ಇಳಿದು ಬಂದು, "ಅಪ್ಪ, ಐವತ್ತು ಹೆಜ್ಜೆ. ನಡ್ಕೊಂಡೇ ಹೋಗಿ ಅಮ್ಮನ್ನ ಕರ್ಕೊಂಬರೋಣ ಬಾ" ಅಂದಳು. ಜಗಳದ ಬೆವರಿನಲ್ಲಿ ಆ ಅಮ್ಮನ ಮುಂದೆ ನಿಲ್ಲಲು ನಾಚಿಕೆಯಾಯಿತು. "ಇವತ್ತು ಬೇಡ, ರಿವರ್ಸ್ ತಗೋ" ಅಂದೆ. ಅವಳು ಒಮ್ಮೆ ಗಲ್ಲಿಯ ಕೊನೆಗೆ ನೋಡಿ, ರಿವರ್ಸ್ ತಗೊಂಡಳು.

ಆಮೇಲೆ ಸುಮಾರು ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಹೋದಾಗ ಶಟರು ಕೆಳಗಿತ್ತು. ಕಣ್ಣು ಮಂಜಾಗಿ ರಿವೆಟ್ಟಿನ ತಲೆ ಕಾಣುತ್ತಿಲ್ಲ ಅಂತ ಅಂಗಡಿ ಬಿಟ್ಟರಂತೆ. ಪಕ್ಕದ ವೆಲ್ಡಿಂಗ್ ಅಂಗಡಿಯವರ ನಂಬರೇ ಅವರ ನಂಬರು, ಸ್ವಂತ ಫೋನು ಇರಲಿಲ್ಲ. ಉಲ್ಲಾಳಕ್ಕೆ ಹೋಗಿ ಕೇಳಿದೆ. ಮನೆಯಲ್ಲಿ ಬಾಡಿಗೆಯವರಿದ್ದರು. ತಂಗಿಯ ಊರಿಗೆ ಹೋದರು ಅಂದರು, ಯಾವ ಊರು ಅಂತ ಅವರಿಗೂ ಗೊತ್ತಿರಲಿಲ್ಲ.

ಪ್ಲೇಟು ಹಾಕಿ ಇದು ಮೂರನೇ ವರ್ಷ. ಇನ್ನೂ ಜಾರಿಲ್ಲ. ಹೊರಡುವಾಗ ಅವರು ಹೇಳಿದಷ್ಟೇ, ಒಂಚೂರು ನಡುಗುತ್ತದೆ. ಕಾಮಾಕ್ಷಿಪಾಳ್ಯದಿಂದ ಉಲ್ಲಾಳದ ತನಕ, ಒಂದು ಸಲ, ಮಗಳೇ ಓಡಿಸಬೇಕು. ಅದು ಹಾಗೇ ಬಾಕಿ ಇದೆ.