ಮಂತ್ರಿಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ಖಾಸದಾರರು

ಮಂತ್ರಿಯಿಂದ ಬಂದ ಉತ್ತರವನ್ನು ಖಾಸದಾರರು ತಾವೇ ಓದುತ್ತಿರಲಿಲ್ಲ. ಓದು ಬಲ್ಲವರ ಕೈಗೆ ಕಾಗದ ಕೊಟ್ಟು, ತಲೆಯನ್ನು ಗೋಡೆಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಓದಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಿದ್ದರು. ನಿದ್ದೆ ಹತ್ತಿತೇನೋ ಎಂದು ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಆಮೇಲೆ ಒಂದೇ ಕಣ್ಣು ತೆಗೆದು, "ಎಲ್ಲಾ ಹೇಳ್ಯಾರ. ನಾ ಕೇಳಿದ್ದೊಂದು ಬಿಟ್ಟಾರ," ಎನ್ನುತ್ತಿದ್ದರು. ತಾವೇ ಓದಿದರೆ ಬರೆದದ್ದರ ಮೇಲೆ ಕಣ್ಣು ಹೋಗುತ್ತದೆ, ಬರೆಯದೆ ಬಿಟ್ಟದ್ದು ತಪ್ಪಿಹೋಗುತ್ತದೆ ಎಂದು ಅವರ ನಂಬಿಕೆ. ಖರೇನೋ ಸುಳ್ಳೋ ನನಗೆ ಗೊತ್ತಿಲ್ಲ. ನಾನು ಓದಿದ್ದು ಮೂರನೇ ಇಯತ್ತೆ, ಅದೂ ಪೂರ್ತಿ ಅಲ್ಲ.

ದಿಲ್ಲಿಯ ಸಂಸತ್ತಿಗೆ ಆರಿಸಿ ಹೋದವರನ್ನು ಗೋವೆಯಲ್ಲಿ ಖಾಸದಾರ ಎನ್ನುತ್ತಾರೆ. ನಾವೂ ಹಾಗೇ ಕರೆದೆವು. ನಮ್ಮ ಹೆಂಗಸರು ಅವರ ಬೆನ್ನ ಹಿಂದೆ 'ಮತ್ತ್ಯಾಕ ಸಾಹೇಬ್ರು' ಎನ್ನುತ್ತಿದ್ದರು, ಯಾಕೆಂದರೆ ಏನು ಹೇಳಿದರೂ ಅವರು "ಮತ್ತ್ಯಾಕ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಮನೆಮಾತು ಕೊಂಕಣಿ. ಕನ್ನಡ ಕಲಿತದ್ದು ಬಂದರಿನ ಹಮಾಲರಿಂದ. ಹಾಗಾಗಿ ಬೈಗುಳ ಚಲೋ ಬರುತ್ತಿತ್ತು, ಮರ್ಯಾದೆಯ ಮಾತಿಗೆ ಮಾತ್ರ ತಡವರಿಸುತ್ತಿದ್ದರು.

ನಾವು ವಿಜಾಪುರದ ಕಡೆಯಿಂದ ಗೋವೆಗೆ ದುಡಿಯಲು ಬಂದವರು. ದಾಬೋಲಿಮ್‌ನಲ್ಲಿ ರೈಲುಹಳಿಯ ಪಕ್ಕ ನಮ್ಮ ಓಣಿ. ಗುಡಿಸಲು ಹಾಕಿದ ಜಾಗ ರೈಲಿನವರದು, ನಮ್ಮದಲ್ಲ. ನಲ್ಲಿ, ಶಾಲೆ, ರೇಷನ್ ಅಂಗಡಿ ಎಲ್ಲ ಹಳಿಯ ಆಚೆ. ದೊಡ್ಡ ರೈಲ್ವೆ ಗೇಟಿನ ದಾರಿ ಸುತ್ತಿ ಹೋದರೆ ಅರ್ಧ ತಾಸು. ಯಾರು ಸುತ್ತುತ್ತಾರೆ? ದಾಟುತ್ತಿದ್ದೆವು. ಒಂದು ಮಳೆಗಾಲ ನಮ್ಮ ನೆರೆಮನೆಯ ಕಾಶವ್ವ ತಲೆಯ ಮೇಲೆ ಕೊಡ ಹೊತ್ತು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು ದಾಟುತ್ತಿದ್ದಳು. ಕೊಪ್ಪೆಯ ಮೇಲೆ ಮಳೆ ಬೀಳುವ ಸಪ್ಪಳದಲ್ಲಿ ಗಾಡಿಯ ಸಪ್ಪಳ ಅವಳಿಗೆ ಕೇಳಲಿಲ್ಲ.

ಅವಳು ಸತ್ತ ಮೇಲೆ ಬಹಳ ಮಂದಿ ಬಂದರು. ಕೈ ಮುಗಿದರು, ಫೋಟೋ ತೆಗೆಸಿಕೊಂಡರು, ಹೋದರು. ಎಲ್ಲರೂ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಖಾಸದಾರರು ಬಂದರು. ನನ್ನ ಖಡಿಕಲ್ಲು ಹೊರುವ ಬುಟ್ಟಿಯನ್ನು ಬೋರಲು ಹಾಕಿ, ಹಳಿಯ ಹತ್ತಿರ ಅದರ ಮೇಲೆ ಕೂತು, ಪೇಪರಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಎಳೆಯತೊಡಗಿದರು. ಸತ್ತ ಮನೆಗೆ ಬಂದವರು ಗೀಟು ಎಳೆಯುತ್ತ ಕೂತರೆ ಸಿಟ್ಟು ಬರುವುದಿಲ್ಲವೇ? ಹೋಗಿ ಕೇಳಿದೆ.

"ಏನ್ ಎಣಸಾಕತ್ತೀರ್ರಿ?"

"ದಾಟೋ ಮಂದೀನ, ಅವ್ವಾ."

"ಎಣಿಸಿದ್ರ ಕಾಶವ್ವ ಎದ್ದು ಬರ್ತಾಳೇನ್ರಿ?"

"ಬರೂದಿಲ್ಲ. ಆದ್ರ 'ಎಷ್ಟು ಮಂದಿ ದಾಟ್ತಾರ' ಅಂತ ಮಂತ್ರಿ ತಿರುಗಿ ಕೇಳಿದ್ರ ನಾ ಬಾಯಿ ಮುಚ್ಕೊಂಡು ಕುಂಡ್ರಬಾರದು."

ಮಧ್ಯಾಹ್ನದ ತನಕ ಕೂತರು. ಯಾರ ತಲೆಯ ಮೇಲೆ ಏನಿತ್ತು, ಕೂಸು ಕಂಕುಳಲ್ಲಿತ್ತೋ ಕೈ ಹಿಡಿದಿತ್ತೋ, ಎಲ್ಲ ಬರೆದುಕೊಂಡರು. ನಾನು ಶೇಂಗಾ ಚಟ್ನಿ ಕೊಟ್ಟೆ. ಪಾವು ಬ್ರೆಡ್ಡಿನ ನಡುವೆ ಅದನ್ನು ಒತ್ತಿ ತಿಂದು, ಕೆಮ್ಮಿ, ಕಣ್ಣೀರು ಒರೆಸಿಕೊಂಡು ಮತ್ತೊಂದು ಪಾವು ತೆಗೆದುಕೊಂಡರು.

ಅವರ ಕೈಯಿಂದ ಎಲ್ಲ ಆಗುತ್ತಿತ್ತು ಎಂದು ನಾನು ಬರೆಯುವುದಿಲ್ಲ. ನಲ್ಲಿ ಹಾಕಿಸಿ ಎಂದರೆ "ಪಂಚಾಯ್ತಿಗೆ ಹೋಗ್ರಿ" ಎನ್ನುತ್ತಿದ್ದರು. ಮಗನಿಗೆ ನೌಕರಿ ಎಂದರೆ ಎದ್ದೇ ಹೋಗುತ್ತಿದ್ದರು. ನಮ್ಮ ಓಣಿಯಲ್ಲಿ ಅರ್ಧ ಮಂದಿಗೆ ಗೋವೆಯ ಓಟು ಇರಲಿಲ್ಲ, ಇದ್ದವರಲ್ಲಿ ಅರ್ಧ ಮಂದಿ ಅವರಿಗೆ ಹಾಕಲಿಲ್ಲ. ಎದುರು ಮನೆಯ ಶಾಂತವ್ವ ಒಮ್ಮೆ ಮುಖಕ್ಕೇ ಅಂದಳು, "ಬರೇ ಕೇಳೂದಾದ್ರ ನಾವೂ ಕೇಳ್ತೀವಲ್ರಿ." ಅವರು ನಕ್ಕರು. "ನೀವು ಕೇಳಿದ್ರ ಕಿಟಕಿ ಮುಚ್ಚತಾರ, ಅವ್ವಾ. ನಾ ಕೇಳಿದ್ರ ಎದ್ದು ನಿಲ್ಲಬೇಕು."

ಅದು ಹೇಗೆಂದು ಬಿಡಿಸಿ ಹೇಳಿದರು. ಪ್ರಶ್ನೆಗಳಲ್ಲಿ ಎರಡು ಜಾತಿಯಂತೆ. ಚುಕ್ಕಿ ಗುರುತು ಹಾಕದ್ದಕ್ಕೆ ಮಂತ್ರಿ ಕಾಗದದಲ್ಲಿ ಉತ್ತರ ಕೊಟ್ಟು ಕೈ ತೊಳೆದುಕೊಳ್ಳಬಹುದು. ಚುಕ್ಕಿ ಇದ್ದದ್ದಕ್ಕೆ ಎಲ್ಲರ ಎದುರು ಎದ್ದು ನಿಂತು ಹೇಳಬೇಕು, ಆಮೇಲೆ ಕೇಳಿದವರು ಅದರ ಮೇಲೆ ಇನ್ನೆರಡು ಪ್ರಶ್ನೆ ಹಾಕಬಹುದು. ಯಾರ ಸರದಿ ಎಂದು ಚೀಟಿ ಎತ್ತುತ್ತಾರೆ. ನಮ್ಮ ಹಳಿಯ ಪ್ರಶ್ನೆ ಎರಡು ಅಧಿವೇಶನ ಚೀಟಿಯಲ್ಲಿ ಬರಲಿಲ್ಲ. ಅವರು ಬಿಡಲಿಲ್ಲ, ಮೂರನೇ ಸಲ ಬಂತು.

ಕೆಡಿಸಿದ್ದು ನಾವು. ಮಂತ್ರಿ ಉತ್ತರ ಹೇಳಬೇಕಲ್ಲ, ಅದಕ್ಕೆ ಇಲ್ಲಿ ವಿಚಾರಿಸಲು ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬಂದರು. ಸರ್ಕಾರದ ಜೀಪು ಬಂದರೆ ಏನು ಕೇಳಿದರೂ ಇಲ್ಲ ಎನ್ನುವುದು ನಮ್ಮ ಓಣಿಯ ಪದ್ಧತಿ. ಮನೆಯಲ್ಲಿ ಎಷ್ಟು ಜನ ಎಂದರೂ ಇಲ್ಲ, ಗಂಡ ಎಲ್ಲಿ ಎಂದರೂ ಇಲ್ಲ. ಹಳಿ ದಾಟುತ್ತೇವೆ ಎಂದರೆ ಇಲ್ಲಿ ವಸ್ತಿ ಇದೆ ಎಂದು ಬರೆದುಕೊಳ್ಳುತ್ತಾರೆ, ನಾಳೆ ಗುಡಿಸಲು ಕೀಳುತ್ತಾರೆ ಎಂದು ಅಂಜಿದೆವು. ಕಾಲುದಾರಿಯ ಮೇಲೆ ಜಾಲಿಮುಳ್ಳು ಎಳೆದೆವು. ಬಾಯಿ ಜೋರು ಎಂದು ನನ್ನನ್ನೇ ಮುಂದೆ ನಿಲ್ಲಿಸಿದರು. ಇಲ್ಲಿ ಯಾರೂ ದಾಟುವುದಿಲ್ಲ, ಎಲ್ಲರೂ ಗೇಟಿಗೆ ಸುತ್ತಿಯೇ ಹೋಗುತ್ತೇವೆ ಎಂದೆ. ಬರೆದುಕೊಂಡು ಸಹಿ ಕೇಳಿದರು. ಸಹಿ ಬರುತ್ತದೆ ಎಂಬ ಸೊಕ್ಕಿಗೆ ದೊಡ್ಡದಾಗಿ ಹಾಕಿಕೊಟ್ಟೆ. ಅವರು ಚಹಾ ಕುಡಿದು ಹೋದರು. ಇದರಿಂದ ಖಾಸದಾರರಿಗೆ ಏನಾಗಬಹುದು ಎಂದು ನಮಗೆ ಹೊಳೆಯಲೇ ಇಲ್ಲ.

ಹದಿನೈದು ದಿನಕ್ಕೆ ಖಾಸದಾರರು ಬಂದರು. ಅವತ್ತು ಕಾಗದವನ್ನು ಯಾರ ಕೈಗೂ ಕೊಡಲಿಲ್ಲ, ತಾವೇ ಓದಿ ಕನ್ನಡದಲ್ಲಿ ಹೇಳಿದರು. ಆ ಸ್ಥಳದಲ್ಲಿ ಯಾರೂ ಹಳಿ ದಾಟುವುದಿಲ್ಲವೆಂದು ಅಲ್ಲಿನ ನಿವಾಸಿಗಳೇ ಲಿಖಿತ ಕೊಟ್ಟಿದ್ದಾರೆ, ಆದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ. ಮಂತ್ರಿ ಇದನ್ನು ಓದಿದಾಗ ಸಭೆಯಲ್ಲಿ ಕೆಲವರು ನಕ್ಕರಂತೆ. ಇವರು ಹಾಕಬೇಕೆಂದಿದ್ದ ಎರಡು ಪ್ರಶ್ನೆ ಗಂಟಲಲ್ಲೇ ಉಳಿದವಂತೆ.

ನಾನೇ ಅಂದೆ, "ಸಹಿ ನಂದ್ರಿ."

"ಗೊತ್ತದ. ನೀಲವ್ವ ಅಂತ ಇಷ್ಟು ದೊಡ್ಡದು ಅದ. ಮತ್ತ್ಯಾಕ?"

"ಮನಿ ಕಿತ್ತ್ರ ಎಲ್ಲಿ ಹೋಗೂದ್ರಿ?"

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ಮುಖ ಮಾತ್ರ ಕೆಂಪಾಯಿತು. ಮಂತ್ರಿಯದು ಇದರಲ್ಲಿ ತಪ್ಪಿಲ್ಲ, ನಾವು ಹೇಳಿದ್ದನ್ನೇ ಅವರು ಹೇಳಿದ್ದಾರೆ ಎಂದರು. ಉತ್ತರ ತಿದ್ದಿಸಬೇಕಾದರೆ ಸಹಿ ಮಾಡಿದವಳೇ ಸುಳ್ಳು ಹೇಳಿದೆ ಎಂದು ಬರೆದುಕೊಡಬೇಕಂತೆ. ನಾನು ಮತ್ತೆ ಮನೆಯ ಮಾತು ತೆಗೆದೆ. ಮನೆ ಉಳಿಯುತ್ತದೆ ಎಂದು ಒಂದು ಮಾತು ಹೇಳಿ, ಬರೆದುಕೊಡುತ್ತೇನೆ ಎಂದೆ.

"ಅದು ಹೇಳಾಕ ನನಗ ಬರೂದಿಲ್ಲ. ಕಿತ್ತ್ರ ಯಾಕ ಕಿತ್ತ್ರಿ ಅಂತ ಕೇಳ್ತೀನಿ. ಅಷ್ಟ ನನ್ನ ಕೈಯಾಗ ಇರೂದು."

ಆ ಮಾತಿಗೆ ಓಣಿಯೆಲ್ಲ ಎದ್ದಿತು. ಶಾಂತವ್ವ, "ನಿನ್ನ ಮನಿ ನೀ ಕಳಕೋ, ನಮ್ಮ ಮನಿ ಬರದು ಕೊಡಾಕ ನೀ ಯಾರ?" ಎಂದು ನನ್ನ ಮೇಲೆ ಜಗಳಕ್ಕೆ ಬಂದಳು. ಅವಳು ಹೇಳಿದ್ದರಲ್ಲಿ ನ್ಯಾಯ ಇತ್ತು. ಆದರೆ ಅಷ್ಟರಲ್ಲಿ ಶಾಲೆ ಬಿಟ್ಟ ಮಕ್ಕಳು ಹಳಿಯ ಆಚೆ ಬಂದು ನಿಂತಿದ್ದವು. ನನ್ನ ಮೊಮ್ಮಗಳು ಸಾವಿತ್ರಿ ಚೀಲ ತಲೆಯ ಮೇಲಿಟ್ಟುಕೊಂಡು, ನಾವು ಎಳೆದಿದ್ದ ಮುಳ್ಳನ್ನು ಕಾಲಿನಿಂದ ಸರಿಸಿ ದಾಟಿ ಬಂದಳು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಅವಳ ಚೀಲದಿಂದಲೇ ಹಾಳೆ ಹರಿದುಕೊಂಡು ಬರೆದೆ. ಅವತ್ತು ಸುಳ್ಳು ಹೇಳಿದೆ. ದಾಟುತ್ತೇವೆ. ಮೊಮ್ಮಗಳು ದಿನಾ ದಾಟುತ್ತಾಳೆ. ಮನೆ ಕೀಳುತ್ತೀರಿ ಎಂದು ಅಂಜಿದ್ದೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆವತುಹೋದೆ. ಶಾಂತವ್ವ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಳು.

ಆ ಹಾಳೆ ದಿಲ್ಲಿಗೆ ಹೋಯಿತು. ಮುಂದಿನ ಅಧಿವೇಶನದಲ್ಲಿ ಮಂತ್ರಿ ಎದ್ದು ನಿಂತು, ಹಿಂದೆ ಕೊಟ್ಟ ಮಾಹಿತಿ ಸರಿಯಿರಲಿಲ್ಲ, ತಿದ್ದುತ್ತೇನೆ ಎಂದರು. ಖಾಸದಾರರು ಅದನ್ನು ಹೇಳಲೆಂದೇ ಬಂದಿದ್ದರು. ನಮ್ಮ ಗಂಡಸರು ಮಂತ್ರಿಯನ್ನು ಆಡಿಕೊಂಡು ನಗಲು ಶುರು ಮಾಡಿದರೆ ತಡೆದರು. "ಎದ್ದು ನಿಂತು ತಪ್ಪಾತು ಅಂದವ್ರಿಗೆ ನಗಬ್ಯಾಡ್ರಿ. ನಾಳೆ ಯಾರೂ ಎದ್ದು ನಿಲ್ಲೂದಿಲ್ಲ."

ಅಳೆಯುವವರು ಬಂದರು. ಗೇಟು ಆಗುವುದಿಲ್ಲ, ಮೇಲಿಂದ ನಡೆದು ಹೋಗುವ ಸೇತುವೆ ಮಾಡುತ್ತೇವೆ ಎಂದರು. ಮೆಟ್ಟಿಲು ಇಳಿಯಲು ಜಾಗ ಬೇಕಿತ್ತು. ಓಣಿಯಲ್ಲಿ ಒಂದೇ ಗುಡಿಸಲು ಹೋಯಿತು. ನನ್ನದು. ಶಾಂತವ್ವನದು ಉಳಿಯಿತು, ಇನ್ನೂ ಇದೆ. ಖಾಸದಾರರು ಹೇಳಿದ ಹಾಗೇ ಅದನ್ನೂ ಕೇಳಿದರು. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಮತ್ತೆ ಕೇಳಿದರು, ಮತ್ತೆ ಅದೇ ಬಂತು. ಮೂರನೇ ಸಲ ಕೇಳುವ ಮೊದಲು ಚುನಾವಣೆಯಲ್ಲಿ ಸೋತರು. ನಾನು ಮಡ್ಕಯಿಯಲ್ಲಿ ಕಾರ್ಖಾನೆ ಕೆಲಸಕ್ಕಿದ್ದ ಮಗನ ಬಾಡಿಗೆ ಖೋಲಿಗೆ ಹೋದೆ. ಸಾವಿತ್ರಿಯ ಶಾಲೆ ಬಿಡಿಸಬಾರದೆಂದು ಅವಳನ್ನು ಅದೇ ಓಣಿಯಲ್ಲಿದ್ದ ನನ್ನ ಮಗಳ ಹತ್ತಿರ ಬಿಟ್ಟೆ.

ಸೇತುವೆಗೆ ರಿಬ್ಬನ್ ಕತ್ತರಿಸಿದ ದಿನ ಅವರನ್ನು ಯಾರೂ ಕರೆಯಲಿಲ್ಲ. ಸ್ವಲ್ಪ ದಿನ ಬಿಟ್ಟು ನಾನು ಮಗಳ ಮನೆಗೆ ಬಂದಿದ್ದಾಗ ಅವರು ಬಸ್ಸಿಳಿದು ನಡೆದುಕೊಂಡು ಬಂದರು. ಸೊರಗಿದ್ದರು, ಉಸಿರು ಕಟ್ಟುತ್ತಿತ್ತು. ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರು, "ನಿಮ್ಮ ಒಲಿ ಎಲ್ಲಿತ್ರಿ, ನೀಲವ್ವ?"

ಮೂರನೇ ಮೆಟ್ಟಿಲು ತೋರಿಸಿದೆ. ಅವರು ಎರಡು ಹತ್ತಿದರು, ಪಕ್ಕದ ಕಂಬಿ ಹಿಡಿದುಕೊಂಡು ಮೂರನೆಯದನ್ನು ದಾಟಿ ನಾಲ್ಕನೆಯದಕ್ಕೆ ಕಾಲು ಹಾಕಲು ನೋಡಿದರು. ಆ ವಯಸ್ಸಿಗೆ, ಆ ಉಸಿರಿಗೆ.

"ಬಿದ್ದುಗಿದ್ದೀರಿ," ಎಂದೆ. "ಮೆಟ್ಲ ಕಟ್ಟಿದ್ದು ತುಳಿಯಾಕ. ತುಳೀರಿ."

ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಚಪ್ಪಲಿ ಕಾಲನ್ನು ಅದರ ಮೇಲಿಟ್ಟು, ಪೂರ್ತಿ ಭಾರ ಹಾಕಿ, ಹತ್ತಿ ಹೋದರು. ಆಚೆ ಇಳಿದದ್ದು ನನಗೆ ಕಾಣಲಿಲ್ಲ, ಕೆಳಗೆ ಗೂಡ್ಸ್ ಗಾಡಿ ಹೋಗುತ್ತಿತ್ತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.