ಅತ್ತಿಗೆ ಒಗೆದ ಅಂಗಿಗಳು

ಹೋದ ವಾರ ಅಫಜಲಪುರದಿಂದ ನಿಂಬರ್ಗಾಕ್ಕೆ ಹೊರಟಿದ್ದೆ. ಬಸ್ಸು ಊರಾಚೆಯ ಕಬ್ಬಿನ ಹೊಲ ದಾಟುತ್ತಿದ್ದಂತೆ ಮೂಗಿಗೆ ಆ ವಾಸನೆ ಬಡಿಯಿತು. ಕೊಳೆತ ಬೆಳ್ಳುಳ್ಳಿಯ ಮೇಲೆ ಸೀಮೆಎಣ್ಣೆ ಸುರಿದಂಥ ವಾಸನೆ. ಮುಂದಿನ ಸೀಟಿನವರ ಕಾಲಡಿಯ ಚೀಲದಲ್ಲಿ ತೊಗರಿಗೆ ಹೊಡೆಯುವ ಎಣ್ಣೆಯ ಡಬ್ಬಿ ಇತ್ತು. ಕೀಟನಾಶಕ ಎಂಬ ಮಾತನ್ನು ನಾನು ಶಾಲೆಯಲ್ಲಿ ಮಕ್ಕಳಿಗೆ ಬರೆಸುತ್ತೇನೆ, ಆದರೆ ನಮ್ಮ ಕಡೆಯ ಹೊಲಗಳಲ್ಲಿ ಅದನ್ನು ಯಾರೂ ಆಡುವುದಿಲ್ಲ. ಅಲ್ಲಿ ಅದು ಎಣ್ಣೆ. ಸಿಂಪಡಿಸುವುದೆಂದರೆ ಎಣ್ಣೆ ಹೊಡೆಯುವುದು. ಮುಚ್ಚಳ ಸಡಿಲಾಗಿತ್ತೋ ಏನೋ. ಎದ್ದು ಹಿಂದಿನ ಸೀಟಿಗೆ ಹೋದೆ.

"ಅಲ್ಲಿ ಕುಂತ್ರ ಸೊಂಟ ಉಳಿಯಂಗಿಲ್ರಿ ಟೀಚರ್," ಎಂದ ಕಂಡಕ್ಟರ್.

ಉಳಿಯಲೂ ಇಲ್ಲ. ಆದರೆ ಆ ವಾಸನೆಯ ಜೊತೆ ಕೂರುವುದಕ್ಕಿಂತ ಸೊಂಟ ಕೊಡುವುದೇ ಸುಲಭ ನನಗೆ. ಬೇರೆ ಯಾರ ಮೂಗಿಗೂ ಅದು ತಾಗಿದಂತಿರಲಿಲ್ಲ. ಹಿಂದೆ ನನ್ನ ಮೂಗಿಗೂ ತಾಗುತ್ತಿರಲಿಲ್ಲ ಎನ್ನುವುದೇ ವಿಚಿತ್ರ. ನಾನು ಬೆಳೆದದ್ದೇ ಆ ವಾಸನೆಯಲ್ಲಿ.

ನಮ್ಮ ಅಣ್ಣ ಶರಣಪ್ಪ ನಿಂಬರ್ಗಾದಲ್ಲಿ ಒಕ್ಕಲುತನ ಮಾಡುವವನು. ತೊಗರಿ ಹೂವಿಗೆ ಬಂದು ಕಾಯಿ ಕಟ್ಟುವ ಹೊತ್ತಿಗೆ ಹುಳು ಬೀಳುತ್ತದೆ. ಆಗ ಅಣ್ಣ ಬೆನ್ನಿಗೆ ಪಂಪು ಏರಿಸಿಕೊಂಡು ನಮ್ಮ ಹೊಲಕ್ಕೂ, ಕರೆದವರ ಹೊಲಕ್ಕೂ ಎಣ್ಣೆ ಹೊಡೆಯುತ್ತಿದ್ದ. ಗಾಳಿಯ ದಿಕ್ಕು ನೋಡಿ ನಡೆಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮನೆಗೆ ಬರುವಾಗ ಅಂಗಿಯ ಬೆನ್ನು ತೊಯ್ದಿರುತ್ತಿತ್ತು. ಪಂಪಿನ ಮೂತಿ ಕಟ್ಟಿದರೆ ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ಒರೆಸುತ್ತಿದ್ದ. ಆ ಅರಿವೆಯೂ ಅಂಗಿಯ ಜೊತೆ ಬಚ್ಚಲಿಗೆ ಬೀಳುತ್ತಿತ್ತು. ಅವನ್ನೆಲ್ಲ ಒಗೆಯುತ್ತಿದ್ದವಳು ಅತ್ತಿಗೆ ನೀಲಮ್ಮ. ಬರಿಗೈಯಲ್ಲಿ, ಕುಕ್ಕರಗಾಲಲ್ಲಿ ಕೂತು, ಹಾಡಿನಂಥದ್ದೇನನ್ನೋ ಗುನುಗುತ್ತ. ಮದುವೆಯಾಗಿ ಕೊಳಕೂರಿನಿಂದ ಬಂದ ವರ್ಷದಿಂದಲೂ ಅದು ಅವಳ ಕೆಲಸ. ಒಗೆದ ಮೇಲೆ ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆ ರೊಟ್ಟಿಯ ರುಚಿಗಾಗಿಯೇ ನಾನು ರಜೆಗೆ ತವರಿಗೆ ಓಡುತ್ತಿದ್ದೆ. ಇದರಲ್ಲಿ ಹೆದರುವಂಥದ್ದು ಏನಾದರೂ ಇದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಅತ್ತಿಗೆಗೆ ಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಜ್ವರ. ನೀರಿನ ಕೊಡ ಎತ್ತಿದರೆ ಏದುಸಿರು. ಆಮೇಲೆ ಎಲ್ಲಿಯೂ ಪೆಟ್ಟು ಬೀಳದೆಯೇ ತೋಳಿನ ಮೇಲೆ ನೀಲಿ ಕಲೆಗಳೆದ್ದವು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ಒಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಕಲಬುರಗಿಯಲ್ಲಿ ರಕ್ತ ನೋಡಿದವರು ತಡಮಾಡಬೇಡಿ ಎಂದು ಸೊಲ್ಲಾಪುರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ರಕ್ತದ ಕ್ಯಾನ್ಸರ್, ಅದರಲ್ಲೂ ಬೇಗ ಬೇಗ ಏರುವ ಜಾತಿಯದು.

ಕೇಳಿದ ಕೂಡಲೇ ಕೊಳಕೂರಿನಿಂದ ಅತ್ತಿಗೆಯ ತಮ್ಮ ಬಂದ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅಣ್ಣ ಕೂತಿದ್ದ, ಪಕ್ಕದಲ್ಲಿ ನಾನು. ಬಂದವನು ಕೂರಲಿಲ್ಲ.

"ನಮ್ಮ ಮನ್ಯಾಗ ಯಾರಿಗೂ ಇಂಥಾದ್ದು ಬಂದಿಲ್ಲ ಮಾಮಾ. ನಿಮ್ಮ ಎಣ್ಣಿ ಅರಿಬಿ ಒಗದು ಒಗದು ನಮ್ಮ ಅಕ್ಕ ಹಿಂಗಾಗ್ಯಾಳ."

ಅಣ್ಣ ಏನಾದರೂ ಹೇಳುತ್ತಾನೆಂದು ಕಾದೆ. ಅವನು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ನಾನೇ ಏನೋ ಬಡಬಡಿಸಿದೆ. ಫೋನಿನಲ್ಲಿ ಅಷ್ಟಿಷ್ಟು ಓದಿ ಎರಡೇ ದಿನದಲ್ಲಿ ಅರ್ಧ ಡಾಕ್ಟರಾಗಿದ್ದೆ ನೋಡಿ, ಮಾತಿಗೇನು ಕೊರತೆ. ನನ್ನ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಅಣ್ಣನಿಗೆ ಉಳಿದದ್ದು ಒಂದೇ ಪ್ರಶ್ನೆ. ಡಾಕ್ಟರು ವಿಜಯಪುರದ ಕಡೆಯವರು, ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರು ಅತ್ತಿಗೆಯ ನಾಡಿ ಹಿಡಿದಿರುವಾಗಲೇ ಅಣ್ಣ ಕೇಳಿದ, "ಸರ, ಇದು ನನ್ನಿಂದ ಬಂತೇನ್ರಿ?"

ಡಾಕ್ಟರು ಅವನನ್ನು ಕೂರಿಸಿ ಎಲ್ಲ ವಿಚಾರಿಸಿದರು. ಯಾವ ಎಣ್ಣೆ, ಎಷ್ಟು ವರ್ಷದಿಂದ, ಪೆಟ್ರೋಲು ಎಷ್ಟು. ಆಮೇಲೆ ನಿಧಾನವಾಗಿ ಹೇಳಿದರು. "ಪೆಟ್ರೋಲಿನಾಗ ಬೆಂಜೀನ್ ಅಂತ ಒಂದು ಇರ್ತದ. ವರ್ಷಾನುಗಟ್ಟಲೆ ಅದರಾಗ ಕೆಲಸ ಮಾಡಿದವ್ರಿಗೆ ಈ ಬ್ಯಾನಿ ಬರಬಹುದು ಅನ್ನೋದು ಖಾತ್ರಿ ಆಗ್ಯದ. ಹೊಲಕ್ಕ ಹೊಡಿಯೋ ಕೆಲವು ಎಣ್ಣಿ ಮ್ಯಾಲೂ ಸಂಶಯ ಅದ. ಆದ್ರ ಎಣ್ಣಿ ಮುಟ್ಟದವ್ರಿಗೂ ಬರ್ತದ. ಭಾಳ ಮಂದಿಗೆ ಯಾಕ ಬಂತು ಅಂತ ನಮಗ ಕಡೀತನಕ ತಿಳಿಯಂಗಿಲ್ಲ. ಇವ್ರಿಗೆ ಅದರಿಂದನ ಬಂತು ಅಂತ ನಾ ಹೇಳಂಗಿಲ್ಲ. ಅದರಿಂದ ಬಂದಿಲ್ಲ ಅಂತಾನೂ ಹೇಳಂಗಿಲ್ಲ."

ಇದಕ್ಕಿಂತ ಪ್ರಾಮಾಣಿಕ ಉತ್ತರ ಇರಲಾರದು. ಆದರೆ ಅಪರಾಧಿಯಂತೆ ನಿಂತವನಿಗೆ ಬಿಡುಗಡೆಯೂ ಇಲ್ಲ, ಶಿಕ್ಷೆಯೂ ಇಲ್ಲ ಎಂದರೆ ಅವನು ಎಲ್ಲಿಗೆ ಹೋಗಬೇಕು? ಅಣ್ಣ ಮರುದಿನ ಮತ್ತೆ ಕೇಳಿದ. ಅದರ ಮರುದಿನ ನರ್ಸಮ್ಮನನ್ನು ಕೇಳಿದ. ಔಷಧಿಗೆ ಅತ್ತಿಗೆಯ ಕೂದಲು ದಿಂಬಿನ ಮೇಲೆ ಉದುರುತ್ತಿತ್ತು. ಬಾಯೊಳಗೆಲ್ಲ ಹುಣ್ಣು, ಗಂಜಿ ಸಹ ಇಳಿಯುತ್ತಿರಲಿಲ್ಲ. ಅಣ್ಣ ಮಂಚದ ಪಕ್ಕ ಕೂತು ಅಳತೊಡಗಿದ.

ಅತ್ತಿಗೆ ಕಣ್ಣು ತೆರೆದಳು. ತುಟಿ ಅಲುಗಿಸಿದರೆ ನೋಯುತ್ತಿತ್ತು, ಆದರೂ ಮಾತು ಗಟ್ಟಿಯಾಗಿಯೇ ಬಂತು. "ಇನ್ನೊಮ್ಮೆ ಅದನ್ನ ಕೇಳಿದ್ರ ನಾ ಸೂಜಿ ಹಾಕಿಸ್ಕೊಳ್ಳಂಗಿಲ್ಲ ನೋಡ್ರಿ. ನಿಮ್ಮಿಂದ ಬಂದಿಲ್ಲ. ನಾ ಹೇಳಾಕತ್ತೇನಿ, ಬಂದಿಲ್ಲ. ಮುಗೀತು."

ಅಣ್ಣ ಬಾಯಿ ಮುಚ್ಚಿದ. ಅದಾದ ಕೆಲವೇ ದಿನಕ್ಕೆ ಅವಳ ರಕ್ತದಲ್ಲಿ ರೋಗದೊಡನೆ ಹೋರಾಡುವ ಬಿಳಿಕಣಗಳೆಲ್ಲ ಖಾಲಿಯಾದವು. ಜ್ವರ ಏರಿತು, ಇಳಿಯಲೊಲ್ಲದು. ಈ ಹೊತ್ತು ದಾಟಿದರೆ ದಾಟಿದಂತೆ ಎಂದರು ಡಾಕ್ಟರು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಬಾಗಿಲ ಗಾಜಿನಲ್ಲಿ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಅವು ಅಲುಗಾಡಿದರೆ ನಾವು ಉಸಿರು ಬಿಡುತ್ತಿದ್ದೆವು. ಕೊಳಕೂರಿನ ತಮ್ಮನೂ ಬಂದು ಅದೇ ಗಾಜಿಗೆ ಹಣೆಯಿಟ್ಟು ನಿಂತ. ಅಣ್ಣನ ಮುಖ ಮಾತ್ರ ನೋಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಜ್ವರ ಬೆವರಾಗಿ ಇಳಿಯಿತು. ಅತ್ತಿಗೆ ಚಹಾ ಕೇಳಿದಳೆಂದು ನರ್ಸಮ್ಮ ಬಂದು ಹೇಳಿದಾಗ ಮೊದಲು ಜೋರಾಗಿ ಅತ್ತವನು ಆ ತಮ್ಮ. ಅಣ್ಣ ಹೋಗಿ ಅವನ ಭುಜ ಹಿಡಿದ.

ಆಮೇಲೂ ಎಷ್ಟೋ ಸಲ ಸೊಲ್ಲಾಪುರಕ್ಕೆ ಹೋಗಿ ಬಂದರು. ರೋಗ ಹಿಂದೆ ಸರಿಯಿತು. ವಾಸಿಯಾಗಿದೆ ಎನ್ನುವ ಮಾತನ್ನು ಮಾತ್ರ ಡಾಕ್ಟರು ಸುಲಭಕ್ಕೆ ಆಡುತ್ತಿರಲಿಲ್ಲ.

ಅತ್ತಿಗೆ "ಬಂದಿಲ್ಲ" ಎಂದದ್ದನ್ನು ನಾನು ನಂಬಿದೆ. ಅಣ್ಣನೂ ನಂಬಿದ, ಅಥವಾ ನಂಬಿ ಬದುಕಲು ಕಲಿತ. ಒಂದು ವರ್ಷ ಪಂಪು ಮುಟ್ಟಲಿಲ್ಲ. ತೊಗರಿಯನ್ನೆಲ್ಲ ಹುಳು ತಿಂದಿತು. ಮರುವರ್ಷ ಅವನ ಮಗನ ಮದುವೆಯಾಗಿ ಭಾಗ್ಯ ಎಂಬ ಹುಡುಗಿ ಸೊಸೆಯಾಗಿ ಬಂದಳು. ಆ ದೀಪಾವಳಿ ರಜೆಗೆ ನಾನು ಅಲ್ಲಿದ್ದೆ. ಅಣ್ಣ ಮತ್ತೆ ಹೊಲಕ್ಕೆ ಎಣ್ಣೆ ಹೊಡೆದು ಬಂದಿದ್ದ. ಅಂಗಿಯನ್ನು ತಾನೇ ಒಗೆಯಬೇಕೆಂದು ದನದ ಕೊಟ್ಟಿಗೆಯ ಗೂಟಕ್ಕೆ ಹಾಕಿ, ಕಾಲು ತೊಳೆಯಲು ಹೋದ. ಭಾಗ್ಯ ಒಳ್ಳೆಯ ಸೊಸೆ. ಮಾವನ ಅಂಗಿ ತೆಗೆದು ಬಕೀಟಿಗೆ ಹಾಕಿ, ತೋಳೇರಿಸಿ ಕೂತಳು. ಆಗ ಅವಳು ಬಸುರಿ.

ಕಟ್ಟೆಯ ಮೇಲೆ ಕಾಳು ಆರಿಸುತ್ತಿದ್ದ ಅತ್ತಿಗೆ ಅದನ್ನು ಕಂಡಳು.

"ಮುಟ್ಟಬ್ಯಾಡ! ಏ ಹುಡುಗಿ, ಕೈ ತೆಗಿ!"

ಅಂಥ ಕೂಗನ್ನು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಮೊರ ಬಿತ್ತು, ಕಾಳೆಲ್ಲ ಚೆಲ್ಲಿತು. ಗೋಡೆ ಹಿಡಿದು ನಡೆಯುತ್ತಿದ್ದವಳು ಓಡಿ ಬಂದು ಬಕೀಟನ್ನು ಒದ್ದಳು. ಭಾಗ್ಯಳ ಕೈ ಹಿಡಿದೆಳೆದು ನಲ್ಲಿಯ ಕೆಳಗೊಡ್ಡಿ ತೊಳೆದಳು, ಮತ್ತೆ ತೊಳೆದಳು. ಹುಡುಗಿ ಹೆದರಿ ಅಳುತ್ತಿತ್ತು. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಅಣ್ಣ.

"ಅಂದ್ರ ನಿನಗೂ ಹಂಗ ಅನಿಸ್ಯದ," ಎಂದ. "ಅವತ್ತು ಬಂದಿಲ್ಲ ಅಂದಿದ್ದು ಸುಳ್ಳು."

ಅತ್ತಿಗೆ ಅಲ್ಲೇ ನೆಲದ ಮೇಲೆ ಕೂತಳು. ಏದುಸಿರು ಇಳಿದ ಮೇಲೆ ಅಣ್ಣನ ಕಡೆ ತಿರುಗಿದಳು.

"ನನಗ ಗೊತ್ತಿಲ್ರಿ. ಡಾಕ್ಟರಿಗೇ ಗೊತ್ತಿಲ್ಲ. ಗೊತ್ತಿಲ್ಲದ ಮಾತಿಗೆ ನಿಮ್ಮನ್ನ ಹೆಂಗ ಸುಡ್ಲಿ? ನೀವು ಅಳಕೋತ ಕುಂತಿದ್ರ ನಾ ಬದುಕಿ ಬರ್ತಿದ್ನೇನು? ಆದ್ರ ಗೊತ್ತಿಲ್ಲಂತ ಈ ಹುಡುಗಿ ಕೈ ಅದರಾಗ ಅದ್ದಾಕ ಹೆಂಗ ಬಿಡ್ಲಿ? ನೀವ ಹೇಳ್ರಿ."

ಅಣ್ಣ ಒಂದು ಕೋಲಿನಿಂದ ಅಂಗಿ ಎತ್ತಿಕೊಂಡು ಹೊಲದ ಕಡೆ ನಡೆದ. ಅಷ್ಟು ದಿನ ಅವಳು ಆ ಅನುಮಾನವನ್ನು ಒಬ್ಬಳೇ ಹೊತ್ತಿದ್ದಳು, ನಾವು ಉಳಿದವರೆಲ್ಲ ಹಗುರಾಗಿ ಓಡಾಡಿಕೊಂಡಿದ್ದೆವು. ಚೆಲ್ಲಿದ ಕಾಳು ಆರಿಸುತ್ತ ಕೂತ ನನಗೆ ಆಡಲು ಒಂದು ಮಾತೂ ಹೊಳೆಯಲಿಲ್ಲ. ಅದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

ಈಗ ಅಣ್ಣ ಆದಷ್ಟು ಕಡಿಮೆ ಎಣ್ಣೆ ಹೊಡೆಯುತ್ತಾನೆ. ಕೈಗೆ ಕಟ್ಟಿದ ಪ್ಲಾಸ್ಟಿಕ್ ಚೀಲ, ಬಾಯಿಗೆ ಮುಸುಕು, ಪೆಟ್ರೋಲಿನ ಅರಿವೆ ಇಲ್ಲವೇ ಇಲ್ಲ. ಹೊಲದ ಬೋರಿನ ಹತ್ತಿರವೇ ಅಂಗಿ ಒಗೆದು, ಮಿಂದು, ಬೇರೆ ಬಟ್ಟೆ ಉಟ್ಟು ಬರುತ್ತಾನೆ. ಹೊಲದ ದಾರಿಯಲ್ಲಿ ನಗುವವರು ನಗುತ್ತಾರೆ.

ಹೋದ ವಾರ ನಾನು ಮನೆ ಮುಟ್ಟಿದಾಗ ಅವನು ಹೊಲದಿಂದ ಆಗಷ್ಟೇ ಬರುತ್ತಿದ್ದ. ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಈಗಷ್ಟೇ ನಡಿಗೆ ಕಲಿತ ಮೊಮ್ಮಗಳು ಅವನನ್ನು ಕಂಡು ಎರಡೂ ಕೈ ಚಾಚಿ ತಟ್ಟಾಡುತ್ತ ಹೊರಟಿತು. ಅಣ್ಣ ಗಕ್ಕನೆ ನಿಂತ. ಒಂದು ಹೆಜ್ಜೆ ಹಿಂದೆ ಸರಿದು ಕಟ್ಟೆಯ ಮೇಲಿದ್ದ ಅತ್ತಿಗೆಯ ಕಡೆ ನೋಡಿದ.

"ಜಳಕ ಆಗ್ಯದೇನ್ರಿ?" ಎಂದಳು ಅತ್ತಿಗೆ.

"ಆಗ್ಯದ."

"ಸಾಬೂನು ಹಚ್ಚೀರೇನು? ತಲಿಗೂ?"

"ತಲಿಗೂ ಹಚ್ಚೀನಿ."

ಮಗು ನಡುದಾರಿಯಲ್ಲಿ ಕುಕ್ಕರಿಸಿ ಬಿದ್ದು, ಮತ್ತೆ ಎದ್ದಿತು. ಅತ್ತಿಗೆ ಅವನ ಕೈಗಳನ್ನೇ ನೋಡುತ್ತಿದ್ದಳು. ನಾನು ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಹಂಗಿದ್ರ ಎತ್ಕೊಳ್ರಿ," ಎಂದಳು.