ಫಿಯೋನಾ ಹೆಸರಿನ ಗೂಡು

ಬೆಳಿಗ್ಗೆ ಆರೂಕಾಲು. ಉತ್ತರ ಫ್ರಾನ್ಸಿನ ಶಾರ್ಲ್‌ವಿಲ್ ನಿಲ್ದಾಣದ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಮೂವರೇ ಇದ್ದಾರೆ. ಇಬ್ಬರು ಕಬ್ಬಿಣದ ಕಾರ್ಖಾನೆಗೆ ಹೋಗುವವರು. ಮೂರನೆಯವಳು ಜೋಡಿಯನ್ ಪಾರ್ಚ್‌ಮೆಂಟ್. ಇಪ್ಪತ್ಮೂರು ವರ್ಷ, ಎರಡು ಸ್ವೆಟರಿನ ಮೇಲೊಂದು ಕೋಟು, ಹೆಗಲಿಗೆ ಬಟ್ಟೆಚೀಲ. ಅವಳು ಹೆಜ್ಜೆ ಕಿತ್ತಿಟ್ಟಾಗಲೆಲ್ಲ ಚೀಲದೊಳಗಿಂದ ಕಟಕಟ ಸದ್ದು ಬರುತ್ತದೆ. ಕಾರ್ಖಾನೆಯವರಲ್ಲಿ ಒಬ್ಬರು ಆರು ತಿಂಗಳಿಂದ ಆ ಸದ್ದು ಕೇಳುತ್ತಲೇ ಇದ್ದಾರೆ.

"ಇವತ್ತಾದ್ರೂ ಹೇಳಮ್ಮ, ಚೀಲದಲ್ಲಿರೋದು ಯಾರ ಮೂಳೆ?"

"ನಿನ್ನೆ ಇದೇ ಪ್ರಶ್ನೆ ಕೇಳಿದೋರದ್ದು," ಎನ್ನುತ್ತಾಳೆ ಜೋಡಿಯನ್.

ಮ್ಯೂಸ್ ನದಿಯ ಒಂದೊಂದು ತಿರುವನ್ನೂ ಬಿಡದೆ ಬಳಸುವ ರೈಲು ಶಾಲೆಯಿರುವ ಮೊರೆಲ್ ಸೇರಲು ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಏಳಕ್ಕೆ ಶಾಲೆಯ ಗೇಟು, ಎಂಟಕ್ಕೆ ತರಗತಿ. ಮುಂದಿನ ರೈಲು ಹಿಡಿದರೆ ಎಂಟು ಹತ್ತಾಗುತ್ತದೆ. ಹಾಗಾಗಿ ವಾರದಲ್ಲಿ ನಾಲ್ಕು ದಿನ ಒಂದೊಂದು ಗಂಟೆ ಕಾಯುವುದು ಅವಳ ಕೆಲಸದ ಭಾಗ. ಸಂಬಳದ ಭಾಗವಲ್ಲ.

ಗೇಟಿನ ಪಕ್ಕದ ಗಾಜಿನ ಕೋಣೆಯಲ್ಲಿ ಜೊಸಿಯಾನ್ ವೋಟಿಯೆ ಆಗಲೇ ಕಾಫಿ ಇಳಿಸಿಟ್ಟಿದ್ದಾರೆ. ಇಪ್ಪತ್ತೆಂಟು ವರ್ಷಗಳಿಂದ ಈ ಗೇಟನ್ನು ತೆರೆದು ಮುಚ್ಚುತ್ತಿರುವವರು, ಶಾಲೆಯ ಅಷ್ಟೂ ಬೀಗದ ಕೈಗಳ ಒಡತಿ.

"ಬಾ ಮಗಳೇ ಒಳಗೆ. ಅಲ್ಲಿ ನಿಂತು ದೀಪದ ಕಂಬ ಆಗ್ಬೇಡ. ಬಂತಾ?"

"ಬಂದಿದ್ರೆ ನಿಮಗೇ ಅಲ್ವಾ ಮೊದಲು ಗೊತ್ತಾಗೋದು, ಮದಾಮ್ ಜೊಸಿಯಾನ್? ಟಪಾಲೆಲ್ಲ ನಿಮ್ಮ ಕೈಮೇಲೇ ಹೋಗೋದು."

"ಒಡೆದು ನೋಡೋ ಅಷ್ಟು ಕೆಟ್ಟೋಳಲ್ಲ ನಾನು. ಬೆಳಕಿಗೆ ಹಿಡಿದು ನೋಡ್ತೀನಿ, ಅಷ್ಟೇ."

ಬರಬೇಕಾದದ್ದು ಒಂದೇ ಒಂದು ಪತ್ರ. ಜೋಡಿಯನ್ ಈ ಶಾಲೆಯಲ್ಲಿ ಇಂಗ್ಲಿಷ್ ಭಾಷಾ ಸಹಾಯಕಿ. ಅಕ್ಟೋಬರಿನಿಂದ ಏಪ್ರಿಲ್ ಕೊನೆಯವರೆಗೆ ಏಳು ತಿಂಗಳ ಕರಾರು. ಇನ್ನೊಂದು ವರ್ಷ ಮುಂದುವರಿಸಿ ಎಂದು ಜನವರಿಯಲ್ಲಿ ಅರ್ಜಿ ಹಾಕಿದ್ದಾಳೆ. ಅದು ಊರಿನ ಮೇಲಿನ ಮೋಹದಿಂದಲ್ಲ. ಮೋಹಗೊಳ್ಳುವಂಥ ಉಪಚಾರವನ್ನು ಈ ಊರು ಅವಳಿಗೆ ಮಾಡಿಲ್ಲ. ವೃತ್ತಿಶಿಕ್ಷಣ ವಿಭಾಗದ ಹನ್ನೊಂದು ಮಕ್ಕಳು ಮುಂದಿನ ವರ್ಷದ ಜೂನ್‌ನಲ್ಲಿ ಕೊನೆಯ ಮೌಖಿಕ ಪರೀಕ್ಷೆಗೆ ಕೂರುತ್ತಾರೆ. ಬಾಯಿ ಬಿಡದಿದ್ದ ಆ ಹನ್ನೊಂದು ಮಕ್ಕಳ ಬಾಯಿ ಬಿಡಿಸಿದವಳು ಇವಳು. ಅರ್ಧ ದಾರಿಗೆ ತಂದವರನ್ನು ದಡ ಮುಟ್ಟಿಸಿ ಹೋಗಬೇಕು ಎಂಬುದಷ್ಟೇ ಅವಳ ಆಸೆ.

ಜೋಡಿಯನ್ ಜಮೈಕಾದವಳು. ದ್ವೀಪದ ದಕ್ಷಿಣದಲ್ಲಿ, ಕೆಂಪು ಮಣ್ಣಿನಲ್ಲಿ ಈರುಳ್ಳಿ ಸೊಪ್ಪು ಬೆಳೆಯುವ ಅಜ್ಜಿಯ ಮನೆಯಲ್ಲಿ ಬೆಳೆದವಳು. ಫ್ರೆಂಚ್ ಓದಿ ಪದವಿ ಪಡೆದಳು. ಸಹಾಯಕಿಯ ಕೆಲಸ ಕಾಗದದ ಮೇಲೆ ಸುಲಭ: ವಾರಕ್ಕೆ ಹನ್ನೆರಡು ಗಂಟೆ, ಹತ್ತು ಹನ್ನೆರಡು ಮಕ್ಕಳ ಸಣ್ಣ ಗುಂಪು, ಪಾಠ ಮಾಡುವ ಮೇಷ್ಟರು ಪಕ್ಕದಲ್ಲಿ. ಮಕ್ಕಳು ಮಾತಾಡುವಂತೆ ಮಾಡಿದರೆ ಸಾಕು. ಆದರೆ ಮೊದಲ ವಾರವೇ ಇಂಗ್ಲಿಷ್ ವಿಭಾಗದ ಹಿರಿಯರಾದ ಮಸ್ಯೂ ಡೆಲ್‌ಮಾಸ್ ಮೂವತ್ತೊಂದು ಮಕ್ಕಳನ್ನು ಅವಳ ಕೈಗೊಪ್ಪಿಸಿ ಜೆರಾಕ್ಸ್ ಮಾಡಿಸಲು ಹೋದರು. ಗಂಟೆ ಹೊಡೆದ ಮೇಲೆ ಬಂದರು. ಅದು ಎಷ್ಟು ಪುಟಗಳ ಜೆರಾಕ್ಸ್ ಎಂದು ಯಾರೂ ಕೇಳಲಿಲ್ಲ.

ವೃತ್ತಿಶಿಕ್ಷಣದ ಹನ್ನೊಂದು ಮಕ್ಕಳನ್ನು ಅವಳಿಗೆ ಕೊಟ್ಟಾಗಲೂ ಡೆಲ್‌ಮಾಸ್ ಒಂದು ಮಾತು ಸೇರಿಸಿದ್ದರು. "ಅವರಿಂದ ಏನೂ ಬರಲ್ಲ. ಗಲಾಟೆ ಮಾಡದ ಹಾಗೆ ನೋಡ್ಕೊಂಡ್ರೆ ಸಾಕು."

ಮೂರು ವಾರ ನಿಜಕ್ಕೂ ಏನೂ ಬರಲಿಲ್ಲ. ನಾಲ್ಕನೇ ವಾರ ಜೋಡಿಯನ್ ಚೀಲದಿಂದ ತಾತನ ಡಾಮಿನೊ ಆಟದ ಚುಕ್ಕೆ ಬಿಲ್ಲೆಗಳನ್ನು ತೆಗೆದಳು. ಅವಳ ಊರಿನಲ್ಲಿ ಡಾಮಿನೊ ಕೂತು ಆಡುವ ಆಟವಲ್ಲ, ಎದ್ದು ನಿಂತು ಹಲಗೆಯ ಮೇಲೆ ಬಿಲ್ಲೆ ಅಪ್ಪಳಿಸುವ ಆಟ. ಅವಳು ಒಂದೇ ನಿಯಮ ಸೇರಿಸಿದಳು. ಒಂದು ಪೂರ್ತಿ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದವರಿಗೆ ಮಾತ್ರ ಅಪ್ಪಳಿಸುವ ಹಕ್ಕು. ಲೊವಾನ್ ಎಂಬ ಹದಿನಾರರ ಹುಡುಗಿ ಹಾಜರಿಗೂ ತಲೆಯಾಡಿಸುವವಳು, ಬಾಯಿ ತೆರೆದವಳಲ್ಲ. ಆ ದಿನ ಕೈಯಲ್ಲಿದ್ದ ಕೊನೆಯ ಬಿಲ್ಲೆಯನ್ನು ಎದೆಗೆ ಒತ್ತಿ ಹಿಡಿದು, ಕಡೆಗೆ ತನ್ನ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುತ್ತಾಳೆಂದು ಇಂಗ್ಲಿಷಿನಲ್ಲಿ ಹೇಳಿ ಮೇಜು ನಡುಗುವಂತೆ ಬಿಲ್ಲೆ ಹೊಡೆದಳು. ಪಕ್ಕದ ಕೋಣೆಯಿಂದ ಡೆಲ್‌ಮಾಸ್ ಓಡಿ ಬಂದರು.

"ಇದೇನು ಶಾಲೆಯೋ ಜೂಜುಕಟ್ಟೆಯೋ?"

"ಶಾಲೆ ಮಸ್ಯೂ," ಎಂದಳು ಲೊವಾನ್. ಅದನ್ನೂ ಇಂಗ್ಲಿಷಿನಲ್ಲೇ.

ತರಗತಿಯ ಹೊರಗೆ ಜೋಡಿಯನ್‌ಳ ಬದುಕು ಬಾಳೆಲೆಯ ತುದಿಯ ಉಪ್ಪು ಇದ್ದ ಹಾಗೆ. ಇದೆ ಎಂದು ಗೊತ್ತು, ಯಾರ ಕೈಯೂ ಅಲ್ಲಿಗೆ ಹೋಗುವುದಿಲ್ಲ. ಬೆಳಿಗ್ಗೆ ಎದುರು ಸಿಕ್ಕವರಿಗೆಲ್ಲ ಕೆನ್ನೆಗೆ ಕೆನ್ನೆ ತಾಗಿಸಿ ವಂದಿಸುವ ಸ್ಟಾಫ್ ರೂಮು ಇದು. ಆ ಸುತ್ತು ಅವಳ ತನಕ ಬಂದು, ಅವಳನ್ನು ದಾಟಿ, ಪಕ್ಕದವರಿಗೆ ಹೋಗುತ್ತದೆ. ಮಧ್ಯಾಹ್ನದ ಊಟದ ಮೇಜಿನಲ್ಲಿ ತುದಿಯ ಕುರ್ಚಿ ಅವಳದು. ಕೇಳುವ ಪ್ರಶ್ನೆ ಒಂದೇ: "ಚಳಿ ಆಗಲ್ವಾ ನಿಮಗೆ?" ಇದುವರೆಗೆ ಮೂವತ್ತನಾಲ್ಕು ಸಲ. ಅವಳು ಎಣಿಸಿದ್ದಾಳೆ. ಶಾರ್ಲ್‌ವಿಲ್‌ನ ಬಾಡಿಗೆ ಮನೆಯಲ್ಲಿ ಜೊತೆಗಿರುವ ಇಟ್ಸೆಲ್ ಮೆಕ್ಸಿಕೊದವಳು, ಬೇರೊಂದು ಶಾಲೆಯಲ್ಲಿ ಸ್ಪ್ಯಾನಿಷ್ ಸಹಾಯಕಿ. ಅಂಗಡಿಗಳೆಲ್ಲ ಬಾಗಿಲು ಹಾಕುವ ಭಾನುವಾರ ಇಬ್ಬರೂ ನದಿದಂಡೆಯಲ್ಲಿ ನಡೆಯುತ್ತ ಆ ವಾರ ತಮ್ಮೊಡನೆ ಮಾತಾಡಿದವರನ್ನು ಬೆರಳಲ್ಲಿ ಎಣಿಸುತ್ತಾರೆ. "ಒಂದು ಕೈ ಸಾಕಾಗುತ್ತೆ," ಎನ್ನುತ್ತಾಳೆ ಇಟ್ಸೆಲ್. "ಇನ್ನೊಂದನ್ನ ಜೇಬಲ್ಲಿ ಬೆಚ್ಚಗೆ ಇಟ್ಕೋಬಹುದು."

ಇನ್ನು ಗೂಡಿನ ವಿಷಯ. ಸ್ಟಾಫ್ ರೂಮಿನ ಗೋಡೆಯ ಉದ್ದಕ್ಕೂ ಬೀಗವೂ ಕಾಗದ ತೂರಿಸುವ ಸೀಳೂ ಇರುವ ಪುಟ್ಟ ಬಾಗಿಲಿನ ಗೂಡುಗಳಿವೆ. ಪ್ರತಿಯೊಬ್ಬರಿಗೂ ಒಂದು, ಮೇಲೊಂದು ಹೆಸರಿನ ಚೀಟಿ. ಸೂಚನೆ, ವೇಳಾಪಟ್ಟಿಯ ಬದಲಾವಣೆ, ಪತ್ರ, ಎಲ್ಲವನ್ನೂ ಕಚೇರಿಯವರು ಗೂಡಿಗೇ ಹಾಕುವುದು. ಜೋಡಿಯನ್ ದಿನಾ ಬೆಳಿಗ್ಗೆ ಆ ಚೀಟಿಗಳನ್ನು ಮೇಲಿನಿಂದ ಕೆಳಗೆ ಓದುತ್ತಿದ್ದಳು. ತನ್ನ ಹೆಸರು ಇರಲಿಲ್ಲ. ನವೆಂಬರಿನಲ್ಲಿ ಡೆಲ್‌ಮಾಸ್‌ರನ್ನು ಕೇಳಿದಳು. "ನಿಮ್ಮದು ಇದ್ದೇ ಇದೆಯಲ್ಲ," ಎಂದು ಹೇಳಿ ಅವರು ಹೊರಟುಹೋದರು. ಇನ್ನೊಮ್ಮೆ ಕೇಳಿದರೆ ಭಾಷೆ ಅರ್ಥವಾಗದವಳು ಎಂದುಕೊಂಡಾರು ಎಂದು ಅವಳು ಸುಮ್ಮನಾದಳು. ಮಕ್ಕಳು ಪ್ರವಾಸಕ್ಕೆ ಹೋದದ್ದು, ಪರೀಕ್ಷೆಗೆ ತರಗತಿ ರದ್ದಾದದ್ದು, ಮುಷ್ಕರ, ಯಾವುದೂ ತಿಳಿಯದೆ ಕತ್ತಲಲ್ಲೆದ್ದು ರೈಲು ಹಿಡಿದು ಬಂದು ಖಾಲಿ ಕೋಣೆಯ ಮುಂದೆ ನಿಂತ ದಿನಗಳು ಹದಿನಾಲ್ಕು.

"ಮಕ್ಕಳಿಗೆ ಗೊತ್ತು, ಅಡುಗೆಯೋರಿಗೆ ಗೊತ್ತು, ಗೇಟಿನ ಹತ್ರ ಇರೋ ಬೆಕ್ಕಿಗೂ ಗೊತ್ತು," ಎನ್ನುತ್ತಾಳೆ ಜೋಡಿಯನ್. "ನನಗೆ ಮಾತ್ರ ಗೊತ್ತಿಲ್ಲ. ನಾನೇ ಎಲ್ಲೋ ತಪ್ಪು ಮಾಡ್ತಿದೀನಿ ಅನ್ಕೊಂಡಿದ್ದೆ."

ಹೊಸ ವರ್ಷದ ಮೊದಲ ವಾರಗಳಲ್ಲಿ ಗಲೆಟ್ ಎಂಬ ಬಾದಾಮಿ ಹೂರಣದ ದುಂಡು ಕಡುಬನ್ನು ತುಂಡು ಮಾಡಿ ಹಂಚುವುದು ಇಲ್ಲಿನ ಪದ್ಧತಿ. ಒಳಗೆಲ್ಲೋ ಒಂದು ಪಿಂಗಾಣಿಯ ಗೊಂಬೆ ಅಡಗಿರುತ್ತದೆ. ಅದು ಸಿಕ್ಕವರಿಗೆ ಅಂದಿನ ಕಿರೀಟ. ಹಂಚುವವರು ಮೋಸ ಮಾಡಬಾರದೆಂದು ಎಲ್ಲರಿಗಿಂತ ಕಿರಿಯರು ಮೇಜಿನ ಕೆಳಗೆ ತೂರಿ ಕೂತು, ಒಂದೊಂದು ತುಂಡು ಯಾರಿಗೆಂದು ಕೂಗಬೇಕು. ಜನವರಿ ಹದಿನಾರರಂದು ಸ್ಟಾಫ್ ರೂಮಿನ ಮೇಜಿನ ಕೆಳಗೆ ಕೂತವಳು ಜೋಡಿಯನ್. ಏಳು ಗಲೆಟ್, ನಲವತ್ತೈದು ತುಂಡು. ಗೂಡಿಗೊಂದು ತುಂಡಿನಂತೆ ಎಣಿಸಿ ಕತ್ತರಿಸಿದ್ದರು.

ಅವಳು ಒಂದೊಂದೇ ಹೆಸರು ಕೂಗಿದಳು. ಗಣಿತದವರು, ಚರಿತ್ರೆಯವರು, ಕಚೇರಿಯವರು. ಯಾರೂ ಅವಳೊಡನೆ ಎರಡು ಮಾತಾಡದ ಕೋಣೆಯಲ್ಲಿ ಅಷ್ಟೂ ಹೆಸರು ಅವಳಿಗೆ ಬಾಯಿಪಾಠ. ದಿನಾ ಚೀಟಿ ಓದುತ್ತಿದ್ದವಳಲ್ಲವೇ! ಮೇಲೆ ನಿಂತವರು ಬೆರಗಾಗಿ ಚಪ್ಪಾಳೆ ತಟ್ಟತೊಡಗಿದರು. ಕೊನೆಗೆ ಉಳಿದದ್ದು ಒಂದು ತುಂಡು. ಅವಳ ತಲೆಯಲ್ಲಿ ಉಳಿದದ್ದು ಎರಡು ಹೆಸರು: ತನ್ನದು, ಮತ್ತು ಕೆಳಗಿನ ಸಾಲಿನ ಗೂಡಿನ ಮೇಲಿದ್ದ ಫಿಯೋನಾ ಎಂಬವರದು. ಆ ಫಿಯೋನಾರನ್ನು ಅವಳು ಕಂಡಿರಲಿಲ್ಲ. ಹೆರಿಗೆ ರಜೆಯಲ್ಲಿರುವ ಯಾರೋ ಮೇಡಂ ಇರಬೇಕು ಎಂದುಕೊಂಡಿದ್ದಳು. ಬಾಣಂತಿಯ ಪಾಲು ತಾನು ತಿನ್ನಬಾರದು.

"ಇದು ಫಿಯೋನಾಗೆ!" ಎಂದು ಕೂಗಿದಳು.

ಕೋಣೆಗೆ ಕೋಣೆಯೇ ಗೊಳ್ಳೆಂದು ನಕ್ಕಿತು. ಡೆಲ್‌ಮಾಸ್ ಮೇಜುಬಟ್ಟೆ ಎತ್ತಿ ಬಗ್ಗಿ ನೋಡಿದರು. "ಶಹಬ್ಬಾಸ್! ತನ್ನನ್ನೂ ಮರೀಲಿಲ್ಲ ನೋಡಿ. ಹೊರಗೆ ಬಾ ಫಿಯೋನಾ, ನಿನ್ನ ತುಂಡು ತಗೋ!"

ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತೇವೆ. ಇಲ್ಲಿ ಅವಳು ಲೆಕ್ಕದಲ್ಲೂ ಇದ್ದಳು, ಬೇರೊಬ್ಬಳಾಗಿ. ಮೂರೂವರೆ ತಿಂಗಳು ಒಂದೇ ಕೋಣೆಯಲ್ಲಿ ಕಾಫಿ ಕುಡಿದ ನಲವತ್ತನಾಲ್ಕು ಮಂದಿ ಓದು ಬಲ್ಲವರು, ಹೆಸರು ಕೇಳುವ ತೊಂದರೆ ತೆಗೆದುಕೊಳ್ಳದೆ, ಗೂಡಿನ ಮೇಲಿದ್ದ ಹಳೆಯ ಚೀಟಿಯನ್ನೇ ಅವಳ ಮುಖಕ್ಕೆ ಅಂಟಿಸಿಕೊಂಡಿದ್ದರು. ಇದನ್ನು ಮರೆವು ಎನ್ನಲಾಗದು. ಮರೆಯಲು ಒಮ್ಮೆಯಾದರೂ ತಿಳಿದಿರಬೇಕು.

ಜೋಡಿಯನ್ ಆ ತುಂಡನ್ನು ಕಾಗದದಲ್ಲಿ ಸುತ್ತಿ ಗಾಜಿನ ಕೋಣೆಗೆ ಒಯ್ದಳು. ನಡೆದದ್ದನ್ನು ಕೇಳಿ ಜೊಸಿಯಾನ್ ಕುರ್ಚಿಯಿಂದೆದ್ದರು.

"ಫಿಯೋನಾ? ಅವಳು ಸ್ಕಾಟ್‌ಲೆಂಡಿನ ಹುಡುಗಿ ಕಣೇ! ಬೆಳ್ಳನೆ ಮೈ, ಕೆಂಪು ಕೂದಲು. ವಾಪಸ್ ಹೋಗಿ ಮೂರು ವರ್ಷ ಆಯ್ತು! ಇವರ ಕಣ್ಣಿಗೇನು ಮಣ್ಣು ಬಿದ್ದಿದೆಯಾ?"

ಬೀಗದ ಕೈ ಗೊಂಚಲು ಹಿಡಿದು ಅವರು ಸ್ಟಾಫ್ ರೂಮಿಗೆ ನಡೆದರು, ಎಲ್ಲರೂ ನೋಡುತ್ತಿರುವಂತೆಯೇ ಗೂಡು ತೆರೆದರು. ಕಾಗದಗಳು ನೆಲಕ್ಕೆ ಸುರಿದವು. ರದ್ದಾದ ಹದಿನಾಲ್ಕು ತರಗತಿಗಳ ಸೂಚನೆ. ಡಿಸೆಂಬರಿನ ಸಂತೋಷಕೂಟದ ಕರೆಯೋಲೆ. ಅಕ್ಟೋಬರಿನಿಂದ ಅವಳು ದಿನಾ ಗೇಟಿನಲ್ಲಿ ಬೇಡಿ ಪಡೆಯುತ್ತಿದ್ದ ತರಗತಿಯ ಬೀಗದ ಕೈ, ಲಕೋಟೆಯ ಸಮೇತ. ಎಲ್ಲದರ ಅಡಿಯಲ್ಲಿ ಒಂದು ನೀಲಿ ನಮೂನೆ: ಎರಡನೇ ವರ್ಷಕ್ಕೆ ಮುಂದುವರಿಯಲು ಬಯಸುವ ಸಹಾಯಕರು ಶಾಲೆಯ ಮುಖ್ಯಸ್ಥರ ಸಹಿಯೊಂದಿಗೆ ಜನವರಿ ಹದಿನೈದರೊಳಗೆ ಕಳುಹಿಸತಕ್ಕದ್ದು.

ಅಂದು ಹದಿನಾರು.

"ಯಾರೂ ಬೇಕು ಅಂತ ಮಾಡಿದ್ದಲ್ಲ," ಎಂದರು ಡೆಲ್‌ಮಾಸ್. ನಿಜವೇ. ಆದರೆ ಬೇಕೆಂದೇ ಮಾಡಿದ್ದರೆ ಒಂದು ಲೆಕ್ಕಕ್ಕೆ ವಾಸಿಯಿತ್ತು. ಹಗೆ ಸಾಧಿಸುವವರಿಗಾದರೂ ಹಗೆಯ ಹೆಸರು ಗೊತ್ತಿರುತ್ತದೆ. ಮುಖ್ಯಸ್ಥೆ ಮದಾಮ್ ಕಾರ್ಲಿಯೆ ಅಂದೇ ಸಹಿ ಹಾಕಿ, ಜೊತೆಗೊಂದು ಪತ್ರವಿಟ್ಟು ಶಿಕ್ಷಣ ಇಲಾಖೆಗೆ ಕಳುಹಿಸಿದರು. "ಅನಿವಾರ್ಯ ಕಾರಣಗಳಿಂದ ತಡವಾಗಿದೆ" ಎಂದು ಅದರಲ್ಲಿತ್ತು. ಶಾಲೆಯ ತಪ್ಪಿನಿಂದ ಎಂದು ಬರೆಯಿರಿ ಎಂದು ಜೋಡಿಯನ್ ಕೇಳಿದಳು. "ಅಷ್ಟು ವಿವರ ಯಾಕೆ? ಅವರಿಗೆ ಅರ್ಥ ಆಗುತ್ತೆ," ಎಂದರು ಮುಖ್ಯಸ್ಥೆ.

ಆ ಸಂಜೆ ಅಜ್ಜಿಯ ಫೋನು. "ಅಜ್ಜಿ ಪ್ರತಿ ಸಲ ಒಂದೇ ಕೇಳೋದು," ಎನ್ನುತ್ತಾಳೆ ಜೋಡಿಯನ್. "ಅಲ್ಲಿ ನಿನ್ನ ಹೆಸರು ಹಿಡಿದು ಕರೀತಾರಾ ಅಂತ. ಕರೀತಾರೆ ಅಜ್ಜಿ ಅಂದೆ. ಯಾರ ಹೆಸರು ಅಂತ ಅಜ್ಜಿ ಕೇಳ್ಲಿಲ್ಲ."

ಮರುದಿನ ಅವಳೇ ಹಳೆಯ ಚೀಟಿ ಕೆರೆದು ತೆಗೆದು ತನ್ನ ಹೆಸರು ಬರೆದು ಅಂಟಿಸಿದಳು.

ಈಗ ಏಪ್ರಿಲ್. ಇಂದು ಹನ್ನೊಂದೂವರೆಯ ಟಪಾಲು ಬಂದಿದೆ. ಜೊಸಿಯಾನ್ ಊಟದ ಕೋಣೆಯ ಬಾಗಿಲಿಗೇ ಬಂದು ನಿಂತಿದ್ದಾರೆ.

"ನಿನ್ನ ಹೆಸರಿಗೆ ಬಂದಿದೆ. ನಿನ್ನ ಗೂಡಿಗೇ ಹಾಕಿದೀನಿ. ಬೆಳಕಿಗೆ ಹಿಡಿದು ನೋಡಿಲ್ಲ ಮಗಳೇ."

ನೋಡಿದ್ದಾರೆಂದು ಅವರ ಕಣ್ಣು ಹೇಳುತ್ತಿದೆ.

ಜೋಡಿಯನ್ ಪಾರ್ಚ್‌ಮೆಂಟ್ ಎಂಬ ಪೂರ್ತಿ ಹೆಸರು ಹೊತ್ತು ಆ ಗೂಡಿಗೆ ಬಂದ ಮೊದಲ ಪತ್ರ ಮೂರು ಸಾಲಿನದು. ಅಭ್ಯರ್ಥಿಯು ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸದ ಕಾರಣ ಕರಾರನ್ನು ಮುಂದುವರಿಸಲಾಗದು. ಅಭ್ಯರ್ಥಿಯು! ಗೂಡಿಗೆ ಹಳೆಯ ಚೀಟಿ ಬಿಟ್ಟವರಲ್ಲ, ಹೆಸರು ಕೇಳದವರಲ್ಲ, ಅನಿವಾರ್ಯ ಎಂಬ ಪದದ ಹಿಂದೆ ಬಚ್ಚಿಟ್ಟುಕೊಂಡವರೂ ಅಲ್ಲ. ತಪ್ಪು ಹೊರಲು ಕಡೆಗೂ ಅವಳ ಸ್ವಂತ ಹೆಸರು ಎಲ್ಲರಿಗೂ ನೆನಪಾಗಿದೆ.

ಎರಡು ಗಂಟೆಗೆ ತರಗತಿ. ಹನ್ನೊಂದು ಮಕ್ಕಳು ಮೇಜು ಜೋಡಿಸಿ ಎದ್ದು ನಿಂತಿದ್ದಾರೆ.

"ಮಿಸ್, ಬಂತಾ?" ಲೊವಾನ್ ಕೇಳುತ್ತಾಳೆ.

"ಬಂತು."

ಲೊವಾನ್ ಬಿಲ್ಲೆ ಎತ್ತಿ, ಈ ಶಾಲೆಯ ಬಗ್ಗೆ ಒಂದು ವಾಕ್ಯ ಹೇಳುತ್ತಾಳೆ. ಪತ್ರಿಕೆಯಲ್ಲಿ ಅಚ್ಚು ಹಾಕುವಂಥದಲ್ಲ. ಆದರೆ ಪೂರ್ತಿ ವಾಕ್ಯ, ಒಂದು ತಪ್ಪಿಲ್ಲ. ಬಿಲ್ಲೆ ಮೇಜಿಗೆ ಅಪ್ಪಳಿಸುತ್ತದೆ. ಪಕ್ಕದ ಕೋಣೆಯಿಂದ ಯಾರೂ ಓಡಿ ಬರುವುದಿಲ್ಲ.

"ಈ ಮಾತನ್ನ ಪರೀಕ್ಷೆಯಲ್ಲಿ ಹೇಳ್ಬೇಡ," ಎನ್ನುತ್ತಾಳೆ ಜೋಡಿಯನ್. "ಆದರೆ ಇಷ್ಟೇ ಗಟ್ಟಿಯಾಗಿ ಹೇಳು."

ತಾತನ ಬಿಲ್ಲೆಗಳನ್ನು ಅವಳು ಮಕ್ಕಳಿಗೇ ಬಿಟ್ಟು ಹೋಗುತ್ತಾಳಂತೆ. ಮುಂದಿನ ವರ್ಷದ ಜೂನ್‌ನವರೆಗೆ ಅವು ಗಾಜಿನ ಕೋಣೆಯಲ್ಲಿ ಜೊಸಿಯಾನ್ ಸುಪರ್ದಿಯಲ್ಲಿರುತ್ತವೆ. ಶಾಲೆಯ ಮೇಲೆ ದೂರು ಕೊಡುವುದಿಲ್ಲವೇ ಎಂದರೆ, ಇಟ್ಸೆಲ್ ಜೊತೆ ಕೂತು ಬರೆದ ಎರಡು ಪುಟದ ಕಾಗದವನ್ನು ಚೀಲದಿಂದ ತೆಗೆದು ತೋರಿಸುತ್ತಾಳೆ. ಕಳುಹಿಸುತ್ತಾಳೆ. ಉತ್ತರ ಬರುತ್ತದೆಂಬ ಭ್ರಮೆ ಅವಳಿಗಿಲ್ಲ.

ಸಂಜೆಯ ರೈಲಿಗೆ ಮೊದಲು ಅವಳು ಸ್ಟಾಫ್ ರೂಮಿನ ಗೋಡೆಯ ಮುಂದೆ ಬಗ್ಗಿ, ಕೆಳಸಾಲಿನ ಚೀಟಿಯ ಮೇಲೆ ಬೆರಳಾಡಿಸುತ್ತಾಳೆ. ಒಂದು ಮೂಲೆ ಏಳತೊಡಗಿದೆ.

"ಹೋಗೋ ದಿನ ಇದನ್ನ ನಾನೇ ಕಿತ್ತು ಹೋಗ್ತೀನಿ, ಗೋಂದು ಕೂಡ ಉಳಿಯದ ಹಾಗೆ. ಅಕ್ಟೋಬರಿನಲ್ಲಿ ಬರೋ ಹುಡುಗಿ ಯಾರೋ ಏನೋ. ಅವಳನ್ನ ಇವರು ಜೋಡಿಯನ್ ಅಂತ ಕರೀಬಾರದು."